ಕರೆಂಟ್ ಹೋದರೂ ನಿಲ್ಲದ ಕಲಿಕೆ: ಈವ್ ಆನ್‌ಲೈನ್‌ನಲ್ಲಿ ಸ್ಕಿಲ್ ಬೆಳೆಸುವುದು ಹೇಗೆ?

ಮಳೆಗಾಲದಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಲ್ಲಿ ಆನ್‌ಲೈನ್ ಆಟ ಆಡುವವರ ಪಾಡು ಎಲ್ಲರಿಗೂ ಗೊತ್ತು. ಮರ ಬಿದ್ದು ಲೈನ್ ಹರಿದರೆ ಕರೆಂಟ್ ಬರುವುದು ಮರುದಿನವೋ, ಅದರ ಮರುದಿನವೋ. ಟವರಿನ ಬ್ಯಾಟರಿ ಮುಗಿದ ಮೇಲೆ ಫೋನಿಗೂ ಸಿಗ್ನಲ್ ಇಲ್ಲ. ದಿನಾ ಇಷ್ಟು ಹೊತ್ತು ಆಡಿದರೆ ಮಾತ್ರ ಮುಂದಿನ ಲೆವೆಲ್ ಎನ್ನುವ ಆಟಗಳಲ್ಲಿ ನಮ್ಮ ಕಡೆಯ ಹುಡುಗ ಹುಡುಗಿಯರು ಹಿಂದೆ ಬೀಳುವುದು ಇದಕ್ಕೇ.

ಈವ್ ಆನ್‌ಲೈನ್ ಹಾಗಲ್ಲ. ಐಸ್‌ಲ್ಯಾಂಡ್ ದೇಶದ ಸಿಸಿಪಿ ಗೇಮ್ಸ್ 2003ರ ಮೇ ತಿಂಗಳಲ್ಲಿ ಶುರು ಮಾಡಿದ ಬಾಹ್ಯಾಕಾಶದ ಆಟ ಇದು. ಇಲ್ಲಿ ಶತ್ರುಗಳನ್ನು ಹೊಡೆದು ಲೆವೆಲ್ ಏರಿಸುವ ಪದ್ಧತಿಯೇ ಇಲ್ಲ. ಏನು ಕಲಿಯಬೇಕು ಎಂದು ನೀವು ಸಾಲಾಗಿ ಹಚ್ಚಿಡುತ್ತೀರಿ. ನಿಜವಾದ ಗಡಿಯಾರದ ಪ್ರಕಾರ ಆ ಕಲಿಕೆ ನಡೆಯುತ್ತಾ ಹೋಗುತ್ತದೆ. ನೀವು ಆಟದಲ್ಲಿದ್ದರೂ ಸರಿ, ಕಾಲೇಜಿನಲ್ಲಿದ್ದರೂ ಸರಿ, ಕಂಪ್ಯೂಟರ್ ಆಫ್ ಆಗಿದ್ದರೂ ಸರಿ. ಹಾಗಾಗಿ ಇಲ್ಲಿ ಮುಂದೆ ಬರುವುದು ಜಾಸ್ತಿ ಹೊತ್ತು ಆಡಿದವರಲ್ಲ, ಸರಿಯಾದ ಕ್ರಮದಲ್ಲಿ ಕಲಿತವರು. ಆ ಕ್ರಮ ಹೇಗಿರಬೇಕು ಎನ್ನುವುದೇ ಈ ಲೇಖನದ ವಿಷಯ.

ಇನ್ನೊಂದು ಮಾತು. ಆಟದ ಸರ್ವರ್ ಲಂಡನ್‌ನಲ್ಲಿದೆ, ಹೆಸರು ಟ್ರಾಂಕ್ವಿಲಿಟಿ. ಅಷ್ಟು ದೂರದ ಸರ್ವರ್ ಎಂದು ಹೆದರಬೇಕಿಲ್ಲ. ಈ ಆಟ ನಿಮ್ಮ ಆಜ್ಞೆಗಳನ್ನು ಸೆಕೆಂಡಿಗೊಮ್ಮೆ ಲೆಕ್ಕ ಹಾಕುತ್ತದೆ. ಗುಂಡು ಹಾರಿಸುವ ಆಟಗಳಲ್ಲಿ ನೆಟ್ ಸ್ವಲ್ಪ ನಿಧಾನವಾದರೂ ಕಥೆ ಮುಗಿಯುತ್ತದೆ, ಇಲ್ಲಿ ಅಂಥ ತೊಂದರೆ ಕಡಿಮೆ. ಕಾರವಾರ, ಕುಮಟಾದ ಸಾಧಾರಣ ಮನೆ ಸಂಪರ್ಕ ಸಾಕಾಗುತ್ತದೆ.

ಮೊದಲು ಕೆಲಸ ಆರಿಸಿ, ಆಮೇಲೆ ಸ್ಕಿಲ್

ಆಟದಲ್ಲಿ ನೂರಾರು ಸ್ಕಿಲ್‌ಗಳಿವೆ. ಹೊಸಬರು ಪಟ್ಟಿ ತೆಗೆದು ಕಣ್ಣಿಗೆ ಕಂಡದ್ದನ್ನೆಲ್ಲ ಹಾಕಿಬಿಡುತ್ತಾರೆ. ಒಂದಿಷ್ಟು ಗಣಿಗಾರಿಕೆ, ಒಂದಿಷ್ಟು ಫಿರಂಗಿ, ಒಂದಿಷ್ಟು ವ್ಯಾಪಾರ. ತಿಂಗಳು ಕಳೆದ ಮೇಲೆ ನೋಡಿದರೆ ಯಾವ ಕೆಲಸವೂ ನೆಟ್ಟಗೆ ಬರುವುದಿಲ್ಲ.

ಆದ್ದರಿಂದ ಮೊದಲ ವಾರ ಸ್ಕಿಲ್ ಬಗ್ಗೆ ಜಾಸ್ತಿ ಯೋಚಿಸಬೇಡಿ. ಆಟದ ಆರಂಭದಲ್ಲಿ ಕೆರಿಯರ್ ಏಜೆಂಟ್‌ಗಳು ಸಿಗುತ್ತಾರೆ. ಅವರು ಯುದ್ಧ, ಗಣಿಗಾರಿಕೆ ಮತ್ತು ತಯಾರಿಕೆ, ಹುಡುಕಾಟ ಹೀಗೆ ಒಂದೊಂದು ಕಸುಬನ್ನೂ ಸಣ್ಣ ಸಣ್ಣ ಕೆಲಸ ಕೊಟ್ಟು ತೋರಿಸುತ್ತಾರೆ. ಎಲ್ಲವನ್ನೂ ಮಾಡಿ ನೋಡಿ. ಬಹುಮಾನವಾಗಿ ಹಡಗು, ದುಡ್ಡು ಎರಡೂ ಸಿಗುತ್ತವೆ. ಯಾವುದು ಮಾಡುವಾಗ ಹೊತ್ತು ಹೋದದ್ದು ಗೊತ್ತಾಗಲಿಲ್ಲವೋ ಅದನ್ನೇ ಹಿಡಿಯಿರಿ. ಆಮೇಲೆ ಸ್ಕಿಲ್ ಕಿಟಕಿಯಲ್ಲಿ ‘ಸ್ಕಿಲ್ ಪ್ಲಾನ್’ ಎಂಬ ವಿಭಾಗ ತೆರೆಯಿರಿ. ಪ್ರತಿ ಕಸುಬಿಗೂ ಆಟದವರೇ ಸಿದ್ಧ ಮಾಡಿದ ಪಟ್ಟಿಗಳು ಅಲ್ಲಿವೆ. ಮೊದಲ ಕೆಲವು ವಾರಕ್ಕೆ ಅದರಲ್ಲೊಂದನ್ನು ಹಿಡಿದು ನಡೆದರೆ ದಾರಿ ತಪ್ಪುವುದಿಲ್ಲ.

ಕೆಲವು ಸ್ಕಿಲ್‌ಗಳಿಗೆ ಮೊದಲು ಸ್ಕಿಲ್ ಪುಸ್ತಕ ಬೇಕು. ಆಟದ ಮಾರುಕಟ್ಟೆಯಲ್ಲಿ ಆಟದ ಹಣ ಕೊಟ್ಟು ಕೊಳ್ಳಬಹುದು. ಸ್ಕಿಲ್ ಕಿಟಕಿಯಿಂದಲೇ ನೇರವಾಗಿಯೂ ಕೊಳ್ಳಬಹುದು, ಅನುಕೂಲಕ್ಕಾಗಿ ಸ್ವಲ್ಪ ಜಾಸ್ತಿ ಬೆಲೆ ಕೊಡಬೇಕು ಅಷ್ಟೆ.

ಐದು ಲೆವೆಲ್‌ಗಳ ಲೆಕ್ಕ

ಈ ಆಟದ ಗುಟ್ಟೆಲ್ಲ ಇರುವುದು ಇಲ್ಲಿ. ಇದೊಂದನ್ನು ನಿಧಾನವಾಗಿ ಓದಿ.

ಪ್ರತಿ ಸ್ಕಿಲ್‌ಗೂ ಐದು ಲೆವೆಲ್. ಜೊತೆಗೆ ಪ್ರತಿ ಸ್ಕಿಲ್‌ಗೂ ಒಂದು ಗುಣಕ ಇರುತ್ತದೆ. ಸುಲಭದ್ದಕ್ಕೆ 1, ಕಷ್ಟದ್ದಕ್ಕೆ 5, 8, ಹೀಗೆ ಮೇಲೆ ಹೋಗುತ್ತದೆ. ಗುಣಕ 1 ಇರುವ ಸ್ಕಿಲ್‌ನ ಲೆವೆಲ್ 1 ಮುಗಿಸಲು 250 ಸ್ಕಿಲ್ ಪಾಯಿಂಟ್ (ಕಲಿಕೆ ಅಳೆಯುವ ಅಂಕ) ಬೇಕು. ಲೆವೆಲ್ 2ಕ್ಕೆ ಒಟ್ಟು ಸುಮಾರು 1,415. ಲೆವೆಲ್ 3ಕ್ಕೆ 8,000. ಲೆವೆಲ್ 4ಕ್ಕೆ ಸುಮಾರು 45,255. ಲೆವೆಲ್ 5ಕ್ಕೆ 2,56,000. ಅಂದರೆ ಪ್ರತಿ ಲೆವೆಲ್‌ಗೂ ಒಟ್ಟು ಮೊತ್ತ ಐದೂವರೆ ಪಟ್ಟಿಗಿಂತ ಜಾಸ್ತಿ ಬೆಳೆಯುತ್ತದೆ. ಗುಣಕ 5 ಆಗಿದ್ದರೆ ಎಲ್ಲವನ್ನೂ 5ರಿಂದ ಗುಣಿಸಿ.

ಇದನ್ನೇ ಸಮಯಕ್ಕೆ ಇಳಿಸಿ ನೋಡೋಣ. ದುಡ್ಡು ಕಟ್ಟಿದ ಖಾತೆಗೆ ‘ಒಮೆಗಾ’ ಎನ್ನುತ್ತಾರೆ, ಪುಕ್ಕಟೆ ಖಾತೆಗೆ ‘ಆಲ್ಫಾ’. ಏನೂ ಬದಲಿಸದ ಸಾಮಾನ್ಯ ಪಾತ್ರ ಒಮೆಗಾದಲ್ಲಿ ನಿಮಿಷಕ್ಕೆ ಸುಮಾರು 30 ಪಾಯಿಂಟ್ ಕಲಿಯುತ್ತದೆ, ಆಲ್ಫಾದಲ್ಲಿ ಅದರ ಅರ್ಧ. ಆ ಲೆಕ್ಕದಲ್ಲಿ ಒಮೆಗಾಕ್ಕೆ ಗುಣಕ 1ರ ಸ್ಕಿಲ್‌ನ ಮೊದಲ ಲೆವೆಲ್ ಎಂಟು ನಿಮಿಷದ ಕೆಲಸ. ಎರಡನೆಯದು 40 ನಿಮಿಷ. ಮೂರನೆಯದು ಮೂರೂವರೆ ಗಂಟೆಯ ಮೇಲೆ. ನಾಲ್ಕನೆಯದು ಸುಮಾರು 21 ಗಂಟೆ. ಐದನೆಯದು ಹತ್ತಿರ ಹತ್ತಿರ ಐದು ದಿನ. ಆಲ್ಫಾದವರು ಇವನ್ನೆಲ್ಲ ಎರಡು ಪಟ್ಟು ಮಾಡಿಕೊಳ್ಳಬೇಕು.

ಈಗ ಲಾಭ ನೋಡಿ. ಹೆಚ್ಚಿನ ಸ್ಕಿಲ್‌ಗಳು ಲೆವೆಲ್‌ಗೆ ಇಷ್ಟು ಎಂದು ಒಂದೇ ಸಮನೆ ಕೊಡುತ್ತವೆ. ಶೀಲ್ಡ್ ಮ್ಯಾನೇಜ್‌ಮೆಂಟ್ ಲೆವೆಲ್‌ಗೆ ಶೇ 5ರಷ್ಟು ರಕ್ಷಾಕವಚ ಕೊಡುತ್ತದೆ. ಮೊದಲ ಲೆವೆಲ್‌ನ ಶೇ 5 ಎಷ್ಟೋ, ಐದನೇ ಲೆವೆಲ್‌ನ ಶೇ 5 ಅಷ್ಟೇ. ಬೆಲೆ ಮಾತ್ರ ಎಲ್ಲಿಂದೆಲ್ಲಿಗೋ. ಹಾಗಾಗಿ ಒಂದು ಸ್ಕಿಲ್ ಅನ್ನು 5ಕ್ಕೆ ಎಳೆಯುವ ಸಮಯದಲ್ಲಿ ಅದೇ ಗುಣಕದ ನಾಲ್ಕೈದು ಸ್ಕಿಲ್‌ಗಳನ್ನು ಸೊನ್ನೆಯಿಂದ 4ಕ್ಕೆ ತರಬಹುದು. ಹೊಸಬರಿಗೆ ನಾನು ಹೇಳುವ ಕ್ರಮ ಇದೇ: ನಿಮ್ಮ ಕಸುಬಿಗೆ ಬೇಕಾದ್ದನ್ನೆಲ್ಲ ಮೊದಲು 3ಕ್ಕೆ ತನ್ನಿ, ದಿನಾ ಬಳಸುವವನ್ನು 4ಕ್ಕೆ ಏರಿಸಿ. ಲೆವೆಲ್ 5ರ ಯೋಚನೆ ಕಾರಣ ಇದ್ದಾಗ ಮಾತ್ರ.

ಆ ಕಾರಣ ಎರಡು ಬಗೆಯದು. ಒಂದು, ಬಾಗಿಲು ತೆರೆಯುವ ಸ್ಕಿಲ್. ಅಸಾಲ್ಟ್ ಫ್ರಿಗೇಟ್, ಕೋವರ್ಟ್ ಆಪ್ಸ್‌ನಂಥ ‘ಟೆಕ್ 2’ ಎಂಬ ಮೇಲ್ಮಟ್ಟದ ಹಡಗು ಹತ್ತಲು, ಆಟದ ನಾಲ್ಕು ಜನಾಂಗಗಳಲ್ಲಿ ಅದು ಯಾವುದರದ್ದೋ ಆ ಜನಾಂಗದ ಫ್ರಿಗೇಟ್ (ಸಣ್ಣ ಯುದ್ಧ ಹಡಗು) ಸ್ಕಿಲ್ 5 ಆಗಿರಲೇಬೇಕು. ಅದರ ಗುಣಕ 2, ಆ ಕೊನೆಯ ಲೆವೆಲ್‌ಗೆ ಒಮೆಗಾದಲ್ಲಿ ಹತ್ತು ದಿನದ ಹತ್ತಿರ ಬೇಕು. ಎರಡು, ಪ್ರತಿ ಲೆವೆಲ್‌ಗೂ ಕಣ್ಣಿಗೆ ಕಾಣುವ ಲಾಭ ಕೊಡುವ ಸ್ಕಿಲ್. ಡ್ರೋನ್ಸ್ ಇದಕ್ಕೆ ಒಳ್ಳೆಯ ಉದಾಹರಣೆ. ಒಂದು ಲೆವೆಲ್‌ಗೆ ಒಂದು ಡ್ರೋನ್, ಐದಕ್ಕೆ ಐದು. ನಾಲ್ಕು ಡ್ರೋನ್ ಇದ್ದವರಿಗೆ ಐದನೆಯದು ಸಿಕ್ಕರೆ ಹೊಡೆತದ ಬಲ ಒಮ್ಮೆಲೇ ಕಾಲುಭಾಗ ಏರಿತು ಅಲ್ವಾ? ಗುಣಕವೂ 1 ಮಾತ್ರ. ಡ್ರೋನ್ ಬಳಸುವ ಹಡಗು ಹಾರಿಸುವವರು ಇದನ್ನು ಹಿಂದೆಮುಂದೆ ನೋಡದೆ 5 ಮಾಡಿಕೊಳ್ಳಬೇಕು.

ಯಾವ ಹಡಗಿಗೂ ಬೇಕಾಗುವ ಹದಿನಾಲ್ಕು

ಯಾವ ಹಡಗು ಹತ್ತಿದರೂ ಉಪಯೋಗಕ್ಕೆ ಬರುವ ಸ್ಕಿಲ್‌ಗಳಿಗೆ ಹಳೆಯ ಆಟಗಾರರು ‘ಮ್ಯಾಜಿಕ್ 14’ ಎಂದು ಹೆಸರಿಟ್ಟಿದ್ದಾರೆ. ಹಡಗಿಗೆ ಹೆಚ್ಚು ಉಪಕರಣ ಹಿಡಿಸಲು ಸಿಪಿಯು ಮ್ಯಾನೇಜ್‌ಮೆಂಟ್, ಪವರ್ ಗ್ರಿಡ್ ಮ್ಯಾನೇಜ್‌ಮೆಂಟ್. ಬ್ಯಾಟರಿ ಉಳಿಯಲು ಕೆಪಾಸಿಟರ್ ಮ್ಯಾನೇಜ್‌ಮೆಂಟ್, ಕೆಪಾಸಿಟರ್ ಸಿಸ್ಟಮ್ಸ್ ಆಪರೇಷನ್. ಪೆಟ್ಟು ತಡೆಯಲು ಮೆಕ್ಯಾನಿಕ್ಸ್, ಹಲ್ ಅಪ್‌ಗ್ರೇಡ್ಸ್, ಶೀಲ್ಡ್ ಮ್ಯಾನೇಜ್‌ಮೆಂಟ್, ಶೀಲ್ಡ್ ಆಪರೇಷನ್. ಗುರಿ ಹಿಡಿಯಲು ಲಾಂಗ್ ರೇಂಜ್ ಟಾರ್ಗೆಟಿಂಗ್, ಸಿಗ್ನೇಚರ್ ಅನಾಲಿಸಿಸ್. ಓಡಾಡಲು ನ್ಯಾವಿಗೇಷನ್, ಇವೇಸಿವ್ ಮೆನೂವರಿಂಗ್, ವಾರ್ಪ್ ಡ್ರೈವ್ ಆಪರೇಷನ್, ಸ್ಪೇಸ್‌ಶಿಪ್ ಕಮಾಂಡ್.

ಇವುಗಳಲ್ಲಿ ನನ್ನ ಮೊದಲ ಆಯ್ಕೆ ಸಿಪಿಯು ಮತ್ತು ಪವರ್ ಗ್ರಿಡ್. ‘ಈ ಉಪಕರಣ ಹಿಡಿಸುವುದಿಲ್ಲ’ ಎಂಬ ಸಂದೇಶ ನೋಡಿಯೇ ಎಷ್ಟೋ ಮಂದಿ ಬೇಸತ್ತು ಆಟ ಬಿಡುತ್ತಾರೆ. ಈ ಎರಡು 4ಕ್ಕೆ ಬಂದರೆ ಆ ಗೋಳು ಬಹುಪಾಲು ಕಡಿಮೆಯಾಗುತ್ತದೆ.

ದೊಡ್ಡ ಹಡಗಿಗೆ ಅವಸರ ಬೇಡ

ಯಕ್ಷಗಾನ ಮೇಳಕ್ಕೆ ಸೇರಿದವರು ಕೋಡಂಗಿ, ಬಾಲಗೋಪಾಲ ವೇಷದಿಂದ ಶುರು ಮಾಡುತ್ತಿದ್ದರು. ಮೊದಲ ದಿನವೇ ಯಾರಿಗೂ ಎರಡನೇ ವೇಷದಂಥ ಪ್ರಮುಖ ವೇಷ ಕಟ್ಟುತ್ತಿರಲಿಲ್ಲ. ಇಲ್ಲಿಯ ಹಡಗುಗಳ ಕ್ರಮವೂ ಹಾಗೆಯೇ. ಅಮಾರ್, ಕಲ್ಡಾರಿ, ಗ್ಯಾಲಂಟೆ, ಮಿನ್ಮಟಾರ್ ಎಂಬ ನಾಲ್ಕು ಜನಾಂಗಗಳಲ್ಲಿ ಒಂದನ್ನು ಹಿಡಿದು ಫ್ರಿಗೇಟ್‌ನಿಂದ ಹೊರಡಬೇಕು. ಫ್ರಿಗೇಟ್ 3 ಆದರೆ ಡೆಸ್ಟ್ರಾಯರ್, ಡೆಸ್ಟ್ರಾಯರ್ 3 ಆದರೆ ಕ್ರೂಸರ್, ಕ್ರೂಸರ್ 3 ಆದರೆ ಬ್ಯಾಟಲ್‌ಕ್ರೂಸರ್, ಅದೂ 3 ಆದರೆ ಬ್ಯಾಟಲ್‌ಶಿಪ್.

ಹಡಗು ಹತ್ತಲು ಅನುಮತಿ ಸಿಗುವುದು ಬೇರೆ, ಅದನ್ನು ನಡೆಸಲು ತಯಾರಿರುವುದು ಬೇರೆ. ಬ್ಯಾಟಲ್‌ಶಿಪ್‌ಗೆ ಬೇಕಾದ ದೊಡ್ಡ ಫಿರಂಗಿ, ಕವಚ, ಇವಕ್ಕೆಲ್ಲ ಬೇರೆ ಸ್ಕಿಲ್‌ಗಳಿವೆ. ಅವಿಲ್ಲದೆ ಹೋದರೆ ಸಣ್ಣ ಫ್ರಿಗೇಟ್‌ಗಳೇ ಸುತ್ತುವರಿದು ಮುಗಿಸುತ್ತವೆ. ಈವ್‌ನಲ್ಲಿ ಹೋದ ಹಡಗು ಹೋದಂತೆಯೇ. ವಿಮೆಯಿಂದ ಸ್ವಲ್ಪ ಹಣ ಬರಬಹುದು, ಹಡಗು ವಾಪಸ್ ಬರುವುದಿಲ್ಲ. ಹಾಗಾಗಿ ಒಂದು ದರ್ಜೆಯ ಹಡಗು, ಅದರ ಆಯುಧ, ಅದರ ರಕ್ಷಣೆ ಮೂರೂ 4ರ ಹತ್ತಿರ ಬಂದ ಮೇಲೆಯೇ ಮೇಲಿನ ದರ್ಜೆಗೆ ಹೋಗಿ.

ಕ್ಯೂ ಖಾಲಿ ಬಿಡಬೇಡಿ

ಸ್ಕಿಲ್‌ಗಳ ಸರದಿಗೆ ಕ್ಯೂ ಎನ್ನುತ್ತಾರೆ. ಅದು ಖಾಲಿಯಾದರೆ ಕಲಿಕೆ ನಿಂತಿತು ಎಂದೇ ಅರ್ಥ, ಆ ಸಮಯ ಮತ್ತೆ ಸಿಗುವುದಿಲ್ಲ. ಒಮೆಗಾದವರು ತಿಂಗಳುಗಟ್ಟಲೆ ಮುಂದಕ್ಕೆ ಹಚ್ಚಿಡಬಹುದು. ಆಲ್ಫಾದವರಿಗೆ 24 ಗಂಟೆಯ ಮಿತಿ ಇದೆ. ಆದರೆ ಆ ಮಿತಿಯೊಳಗೆ ಶುರುವಾಗುವ ಸ್ಕಿಲ್ ಎಷ್ಟು ಉದ್ದವಿದ್ದರೂ ಮುಗಿಯುವ ತನಕ ನಡೆಯುತ್ತದೆ. ಆದ್ದರಿಂದ ಸಣ್ಣವನ್ನು ಮೊದಲಿಗೆ ಹಾಕಿ, ಕೊನೆಗೊಂದು ಉದ್ದದ್ದನ್ನು ಹಚ್ಚಿಡಿ. ಜುಲೈ ತಿಂಗಳಲ್ಲಿ ಗಾಳಿ ಮಳೆ ಜೋರಾಗುವ ಲಕ್ಷಣ ಕಂಡ ಕೂಡಲೇ ನಾಲ್ಕೈದು ದಿನದ ಒಂದು ಸ್ಕಿಲ್ ಹಾಕಿಟ್ಟರೆ ಘಟ್ಟದ ಮೇಲಿನವರು ನಿಶ್ಚಿಂತೆಯಿಂದ ಇರಬಹುದು. ಪರೀಕ್ಷೆ ಹತ್ತಿರ ಬಂದಾಗಲೂ ಇದೇ ಉಪಾಯ.

ಆಲ್ಫಾದವರು ಇನ್ನೊಂದು ಮಿತಿ ನೆನಪಿಡಬೇಕು. ಒಟ್ಟು 50 ಲಕ್ಷ ಸ್ಕಿಲ್ ಪಾಯಿಂಟ್ ಆದ ಮೇಲೆ ಅವರ ಕ್ಯೂ ಕಲಿಕೆ ನಿಲ್ಲುತ್ತದೆ. ಅಷ್ಟರಲ್ಲಿ ಒಂದು ಕಸುಬನ್ನು ಚೆನ್ನಾಗಿ ಕಲಿಯಬಹುದು, ಹತ್ತು ಕಸುಬು ಆಗುವುದಿಲ್ಲ. ಮೊದಲೇ ಆರಿಸಿಕೊಳ್ಳಿ ಎಂದದ್ದು ಇದಕ್ಕೂ ಸೇರಿ.

ವೇಗ ಹೆಚ್ಚಿಸಲು

ಪಾತ್ರಕ್ಕೆ ಐದು ಗುಣಗಳಿವೆ: ಇಂಟೆಲಿಜೆನ್ಸ್, ಮೆಮೊರಿ, ಪರ್ಸೆಪ್ಷನ್, ವಿಲ್‌ಪವರ್, ಕರಿಸ್ಮಾ. ಪ್ರತಿ ಸ್ಕಿಲ್‌ಗೂ ಒಂದು ಮುಖ್ಯ ಗುಣ, ಒಂದು ಸಹಾಯಕ ಗುಣ. ಮುಖ್ಯದ್ದು ಪೂರ್ತಿ, ಸಹಾಯಕದ್ದು ಅರ್ಧ ಸೇರಿಸಿದರೆ ನಿಮಿಷದ ಪಾಯಿಂಟ್ ಸಿಗುತ್ತದೆ. ಹಡಗು, ಫಿರಂಗಿಗೆ ಪರ್ಸೆಪ್ಷನ್ ಮತ್ತು ವಿಲ್‌ಪವರ್. ಎಂಜಿನಿಯರಿಂಗ್, ಶೀಲ್ಡ್, ವಿಜ್ಞಾನಕ್ಕೆ ಇಂಟೆಲಿಜೆನ್ಸ್ ಮತ್ತು ಮೆಮೊರಿ.

ಈ ಗುಣಗಳನ್ನು ಮರುಹಂಚಿಕೆ ಮಾಡಬಹುದು. ಮುಖ್ಯವನ್ನು 27, ಸಹಾಯಕವನ್ನು 21 ಮಾಡಿದರೆ ನಿಮಿಷಕ್ಕೆ 37.5 ಪಾಯಿಂಟ್, ಅಂದರೆ ಕಾಲುಭಾಗ ಜಾಸ್ತಿ ವೇಗ. ಆದರೆ ಉಳಿದ ಸ್ಕಿಲ್‌ಗಳು ನಿಧಾನವಾಗುತ್ತವೆ. ಹೊಸಬರಿಗೆ ಎಲ್ಲ ಕಡೆಯಿಂದಲೂ ಸ್ವಲ್ಪ ಸ್ವಲ್ಪ ಬೇಕಿರುವುದರಿಂದ ಮೊದಲ ಕೆಲವು ತಿಂಗಳು ಇದನ್ನು ಮುಟ್ಟದಿರುವುದೇ ವಾಸಿ.

ಈ ಗುಣಗಳನ್ನು ಹೆಚ್ಚಿಸಲು ಪಾತ್ರದ ತಲೆಯೊಳಗೆ ಕೂರಿಸುವ ಇಂಪ್ಲಾಂಟ್ ಮಾತ್ರ ಬೇಗ ಹಾಕಿಕೊಳ್ಳಿ. ಸೈಬರ್ನೆಟಿಕ್ಸ್ ಲೆವೆಲ್ 1 ಕಲಿತರೆ ಗುಣಕ್ಕೆ 3 ಸೇರಿಸುವ ಇಂಪ್ಲಾಂಟ್ ಸಿಗುತ್ತದೆ. 4 ಸೇರಿಸುವುದಕ್ಕೆ ಸೈಬರ್ನೆಟಿಕ್ಸ್ 4, 5 ಸೇರಿಸುವುದಕ್ಕೆ ಸೈಬರ್ನೆಟಿಕ್ಸ್ 5 ಬೇಕು. ಹಡಗು ಹೋದ ಮೇಲೆ ನೀವು ಉಳಿಯುವ ಸಣ್ಣ ಗೂಡು, ಅಂದರೆ ಕ್ಯಾಪ್ಸೂಲ್, ಅದೂ ಒಡೆದರೆ ತಲೆಯೊಳಗಿನ ಇಂಪ್ಲಾಂಟ್ ಎಲ್ಲ ಹೋಗುತ್ತವೆ. ಆದ್ದರಿಂದ ದುಬಾರಿಯವನ್ನು ಹಾಕಿಕೊಂಡು ಅಪಾಯದ ಕಡೆ ತಿರುಗಬೇಡಿ. ಕಲಿತ ಸ್ಕಿಲ್ ಮಾತ್ರ ಎಲ್ಲಿಯೂ ಹೋಗುವುದಿಲ್ಲ.

ಇಂಟರ್ನೆಟ್ಟಿನ ಹಳೆಯ ಬರಹಗಳಲ್ಲಿ ‘ಮೊದಲು ಲರ್ನಿಂಗ್ ಸ್ಕಿಲ್ ಮುಗಿಸಿ’ ಎಂಬ ಸಲಹೆ ಕಂಡರೆ ಬಿಟ್ಟುಬಿಡಿ. ಕಲಿಯುವ ವೇಗ ಹೆಚ್ಚಿಸಲೆಂದೇ ಕಲಿಯಬೇಕಿದ್ದ ಆ ವಿಭಾಗವನ್ನು 2010ರ ಕೊನೆಯಲ್ಲೇ ತೆಗೆದುಹಾಕಿದ್ದಾರೆ.

ದುಡ್ಡು ಕೊಟ್ಟು ಕೊಳ್ಳಬಹುದೇ?

ಕೊಳ್ಳಬಹುದು. 2016ರಿಂದ ಸ್ಕಿಲ್ ಇಂಜೆಕ್ಟರ್ ಬಂದಿದೆ. ಒಬ್ಬರು ತಮ್ಮ ಪಾಯಿಂಟ್ ತೆಗೆದು ಮಾರುತ್ತಾರೆ, ಇನ್ನೊಬ್ಬರು ಕೊಳ್ಳುತ್ತಾರೆ. 50 ಲಕ್ಷಕ್ಕಿಂತ ಕಡಿಮೆ ಪಾಯಿಂಟ್ ಇರುವವರಿಗೆ ಒಂದು ದೊಡ್ಡ ಇಂಜೆಕ್ಟರ್‌ನಿಂದ 5 ಲಕ್ಷ ಸಿಗುತ್ತದೆ. 8 ಕೋಟಿ ದಾಟಿದವರಿಗೆ 1.5 ಲಕ್ಷ ಮಾತ್ರ. 5 ಲಕ್ಷ ಎಂದರೆ ಒಮೆಗಾದ ಹನ್ನೊಂದು-ಹನ್ನೆರಡು ದಿನದ ಕಲಿಕೆ.

ಹೊಸಬರು ಇದಕ್ಕೆ ನಿಜವಾದ ದುಡ್ಡು ಹಾಕಬಾರದು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಪಾಯಿಂಟ್ ಕೊಳ್ಳಬಹುದು; ಯಾವಾಗ ಓಡಬೇಕು, ಯಾರನ್ನು ನಂಬಬೇಕು ಎಂಬ ತಿಳಿವಳಿಕೆ ಆಡಿಯೇ ಬರಬೇಕು. ಮಕ್ಕಳು ಆಡುತ್ತಿದ್ದರೆ ಮನೆಯ ಕಾರ್ಡು, ಯುಪಿಐ ವಿವರ ಆ ಕಂಪ್ಯೂಟರಿನಲ್ಲಿ ಉಳಿಯದಂತೆ ದೊಡ್ಡವರು ನೋಡಿಕೊಳ್ಳಿ. ಹೊರಗಿನ ಜಾಲತಾಣಗಳಲ್ಲಿ ಆಟದ ಹಣ ಕೊಳ್ಳುವುದು ನಿಯಮಕ್ಕೆ ವಿರುದ್ಧ, ಖಾತೆಯೇ ಹೋಗಬಹುದು.

ಆಟದಲ್ಲಿ ಆಗಾಗ ಬಹುಮಾನವಾಗಿ ಬರುವ ಪಾಯಿಂಟ್‌ಗಳನ್ನು ಮಾತ್ರ ಜೋಪಾನ ಮಾಡಿ. ಅವನ್ನು ಯಾವ ಸ್ಕಿಲ್‌ಗಾದರೂ ಒಡನೆ ಹಾಕಬಹುದು. ನಾಳೆ ಗೆಳೆಯರ ಜೊತೆ ಹೊರಡಲು ಒಂದೇ ಒಂದು ಸ್ಕಿಲ್ ಕಡಿಮೆ ಬಿದ್ದಿದೆ ಎನ್ನುವಾಗ ಉಪಯೋಗಕ್ಕೆ ಬರುತ್ತವೆ.

ಜೊತೆಗಾರರು, ಸಮಯ

ಕಲಿತದ್ದು ಉಪಯೋಗಕ್ಕೆ ಬರುವುದು ಗುಂಪಿನಲ್ಲಿ. ಆಟದ ಸಂಘಗಳಿಗೆ ಕಾರ್ಪೊರೇಷನ್ ಎನ್ನುತ್ತಾರೆ. ಹೊಸಬರಿಗೆ ಕಲಿಸಲೆಂದೇ ಆಟಗಾರರು 2004ರಲ್ಲಿ ಕಟ್ಟಿದ ಈವ್ ಯೂನಿವರ್ಸಿಟಿ ಈಗಲೂ ನಡೆಯುತ್ತಿದೆ. ಅಲ್ಲಿಯ ಮಾತುಕತೆ ಇಂಗ್ಲಿಷಿನಲ್ಲಿ. ತಪ್ಪಾದರೂ ಪರವಾಗಿಲ್ಲ, ಕೇಳಿ. ಬೇಸರವಿಲ್ಲದೆ ಹೇಳಿಕೊಡುತ್ತಾರೆ.

ಸೇರುವ ಮೊದಲು ಅವರು ಆಡುವ ಸಮಯ ವಿಚಾರಿಸಿ. ಆಟದ ಗಡಿಯಾರ ಯುಟಿಸಿ (ವಿಶ್ವ ಪ್ರಮಾಣ ಸಮಯ), ಅದಕ್ಕೆ ಐದೂವರೆ ಗಂಟೆ ಸೇರಿಸಿದರೆ ನಮ್ಮ ಸಮಯ. ದಿನಾ ಬೆಳಿಗ್ಗೆ 11ಕ್ಕೆ, ಅಂದರೆ ನಮ್ಮ ಸಂಜೆ 4.30ಕ್ಕೆ ಸರ್ವರ್ ಸ್ವಲ್ಪ ಹೊತ್ತು ಮುಚ್ಚುತ್ತದೆ, ಗಾಬರಿಯಾಗಬೇಡಿ. ಯುರೋಪಿನ ಗುಂಪು ಆಟದ ಗಡಿಯಾರದ ರಾತ್ರಿ 8ಕ್ಕೆ ಹೊರಡೋಣ ಎಂದರೆ ನಮ್ಮಲ್ಲಿ ನಡುರಾತ್ರಿ ದಾಟಿರುತ್ತದೆ, ಮರುದಿನ ಕ್ಲಾಸಿರುವವರಿಗೆ ಅದು ಆಗದ ಮಾತು. ಸಿಡ್ನಿಯ ರಾತ್ರಿ 8 ಎಂದರೆ ಇಲ್ಲಿ ಮಧ್ಯಾಹ್ನ 3.30, ಅವರ ಬೇಸಿಗೆಯಲ್ಲಿ 2.30. ರಜೆಯ ದಿನ ಆಡುವ ವಿದ್ಯಾರ್ಥಿಗಳು ಆಸ್ಟ್ರೇಲಿಯಾದ ಸಮಯಕ್ಕೆ ಆಡುವ ಗುಂಪು ಹುಡುಕಿದರೆ ಊಟ ಮುಗಿಸಿ ಕೂತು, ಕತ್ತಲಾಗುವ ಮೊದಲೇ ಏಳಬಹುದು.