ಊರಿಗೆ ಗಿಡ ನೆಡುವ ಮುಂಚೆ ಟ್ರ್ಯಾಕ್ಟರ್ ಮಾತಾಡಿ

ಜೂನ್ 5ರ ಪರಿಸರ ದಿನ ಹತ್ತಿರ ಬಂತೆಂದರೆ ನಮ್ಮ ಮಂಡ್ಯ ಕಡೆಯ ಊರುಗಳಲ್ಲಿ ಗುದ್ದಲಿ, ಬಾಂಡಲಿ ಹೊರಗೆ ಬರುತ್ತವೆ. ಯುವಕ ಸಂಘದವರು ಒಂದೇ ಬಣ್ಣದ ಟೀಶರ್ಟ್ ಹಾಕುತ್ತಾರೆ. ಒಂದು ಗಿಡಕ್ಕೆ ಎಂಟು ಕೈ, ಒಂದು ಫೋಟೊ, ಆಮೇಲೆ ಉಪ್ಪಿಟ್ಟು, ಕೇಸರಿಬಾತು. ಮುಂದಿನ ಯುಗಾದಿ ಹೊತ್ತಿಗೆ ಆ ಜಾಗದಲ್ಲಿ ಒಂದು ಒಣಕಡ್ಡಿ ನಿಂತಿರುತ್ತದೆ. ಕೆಲವು ಕಡೆ ಅದೂ ಇರುವುದಿಲ್ಲ.

ನಾವೂ ಹೀಗೇ ಮಾಡಿದವರು. ಮದ್ದೂರು ತಾಲ್ಲೂಕಿನ ನಮ್ಮೂರು ಚಿಕ್ಕದು, ನೂರೈವತ್ತು ಮನೆ ಇದ್ದರೆ ಹೆಚ್ಚು. ಮೊದಲ ವರ್ಷ 60 ಗಿಡ ನೆಟ್ಟೆವು. ಬೇಸಿಗೆ ಮುಗಿದ ಮೇಲೆ ಎಣಿಸಿದರೆ 7. ಒಣಗಿದ್ದೊಂದನ್ನು ಸಿಟ್ಟಿನಲ್ಲಿ ಹಿಡಿದು ಕಿತ್ತೆ. ಬುಡದ ಜೊತೆ ಕಪ್ಪು ಪ್ಲಾಸ್ಟಿಕ್ ಚೀಲವೂ ಬಂತು. ವರ್ಷ ಪೂರ್ತಿ ಮಣ್ಣಲ್ಲಿದ್ದರೂ ಚೀಲಕ್ಕೆ ಏನೂ ಆಗಿರಲಿಲ್ಲ. ಒಳಗೆ ಬೇರು ತಲೆಹೊರೆಯ ಸಿಂಬೆಯ ಹಾಗೆ ಸುತ್ತಿಕೊಂಡು ಕೂತಿತ್ತು. ಜಗಲಿ ಮೇಲೆ ಎಲೆ ಅಡಿಕೆ ಹಾಕುತ್ತಿದ್ದ ಅಜ್ಜಿಯೊಬ್ಬರು, "ಗಿಡ ನೆಟ್ರಿ, ಫೋಟೊ ತಗ್ಸುದ್ರಿ, ಹೊಂಟೋದ್ರಿ. ನೀರು ಯಾರು ಹುಯ್ತಾರೆ ಅಂದ್ಕಂಡಿದ್ರಪ್ಪ?" ಅಂದರು. ಉತ್ತರ ಹೇಳಲು ನಮ್ಮ ಬಳಿ ಏನೂ ಇರಲಿಲ್ಲ.

ಎರಡನೇ ಸಲ 40 ನೆಟ್ಟೆವು, 36 ಉಳಿದವು. ಊರು ಚೆಂದ ಮಾಡಲು ಹೊರಟವರಿಗೆ ನಾವು ಕಲಿತದ್ದು ಇಷ್ಟು.

1. ಜನ ಮತ್ತು ಒಪ್ಪಿಗೆ

ಕೆಲಸ ಮಾಡುವ ಹತ್ತು ಜನ ಸಾಕು. ಪಂಚಾಯಿತಿ ಪಿಡಿಒಗೆ ಒಂದು ಅರ್ಜಿ ಕೊಟ್ಟು, ಅದರ ನಕಲಿಗೆ ಸೀಲು ಹಾಕಿಸಿಕೊಳ್ಳಿ. ರಸ್ತೆ ಅಗಲ ಮಾಡುವ ಯೋಜನೆ ಏನಾದರೂ ಇದೆಯಾ ಎಂದು ಆಗಲೇ ಕೇಳಿಬಿಡಿ. ಹೆಂಗಸರ ಸ್ವಸಹಾಯ ಸಂಘದ ಇಬ್ಬರಾದರೂ ತಂಡದಲ್ಲಿರಲಿ. ಬೆಳಿಗ್ಗೆ ಬೀದಿಯಲ್ಲಿ ಏನಾಗುತ್ತದೆ ಎಂಬುದು ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ.

ಒಂದು ಮಾತು. ಸ್ವಚ್ಛತಾ ಅಭಿಯಾನಕ್ಕೆ ಫ್ಲೆಕ್ಸ್ ಕಟ್ಟಿಸಬೇಡಿ. ರಾಜ್ಯದಲ್ಲಿ 2016ರಲ್ಲೇ ಫ್ಲೆಕ್ಸ್ ನಿಷೇಧವಾಗಿದೆ. ಕಸ ಎತ್ತಲು ಹೊರಟವರೇ ಕಸ ನೇತುಹಾಕುವುದು ಯಾವ ಚೆಂದ? ಆ ದುಡ್ಡಿಗೆ ಎರಡು ಗಡಾರಿ ಬರುತ್ತದೆ.

2. ಕಸ ಮತ್ತು ತಿಪ್ಪೆ

ಪ್ಲಾಸ್ಟಿಕ್ಕನ್ನು ಚೀಲಕ್ಕೆ ತುಂಬಿ ಪಂಚಾಯಿತಿಯ ಕಸದ ಗಾಡಿಗೆ ಕೊಡಿ. ಸುಡಬೇಡಿ. ಅಷ್ಟೇ.

ತಿಪ್ಪೆ ಹಾಗಲ್ಲ. ಬೀದಿ ಬದಿಯ ತಿಪ್ಪೆಯನ್ನು ಕಸವೆಂದು ತಿಳಿದು ಜೆಸಿಬಿ ತಂದು ಎತ್ತಿಸಿದವರು ಪಂಚಾಯಿತಿ ಕಟ್ಟೆಯ ಮೇಲೆ ಬೈಸಿಕೊಂಡದ್ದನ್ನು ನಾನು ನೋಡಿದ್ದೇನೆ. ತಿಪ್ಪೆ ಒಂದು ಮನೆಯ ಆಸ್ತಿ. ಏಪ್ರಿಲ್–ಮೇನಲ್ಲಿ ಗದ್ದೆಗೆ ಗೊಬ್ಬರ ಹೊಡೆಯುವ ಕಾಲಕ್ಕೆ ಹೋಗಿ, "ಅಣ್ಣ, ಟ್ರ್ಯಾಕ್ಟರ್ ನಮ್ಮದು, ತುಂಬೋಕೆ ನಾವೂ ಬರ್ತೀವಿ, ಹೊಸ ತಿಪ್ಪೆ ಹಿತ್ತಿಲಲ್ಲಿ ಹಾಕ್ಕೊಳಿ" ಎಂದು ಕೇಳಿ. ಮುಕ್ಕಾಲು ಪಾಲು ಜನ ಒಪ್ಪುತ್ತಾರೆ. ಕೂಲಿಗೆ ಬದಲು ತಿಪ್ಪೆಯ ತಳದ ಹಳೇ ಗೊಬ್ಬರ ನಾಲ್ಕು ಮಂಕರಿ ಕೇಳಿ ಇಸಿದುಕೊಳ್ಳಿ. ಗಿಡದ ಗುಂಡಿಗೆ ಬೇಕಾಗುತ್ತದೆ.

ಖಾಲಿಯಾದ ಜಾಗವನ್ನು ಅದೇ ದಿನ ಏನಾದರೂ ಮಾಡಬೇಕು. ರಾತ್ರಿ ಖಾಲಿ ಬಿಟ್ಟರೆ ಬೆಳಿಗ್ಗೆ ಮೊದಲ ಕವರ್ ಬಿದ್ದಿರುತ್ತದೆ. ನಾವು ಎರಡು ದಪ್ಪ ಕಲ್ಲಿನ ಮೇಲೆ ಒಂದು ಚಪ್ಪಡಿ ಇಟ್ಟೆವು. ಸಂಜೆ ಹಿರಿಯರು ಬಂದು ಕೂತರು. ಅವರು ಕೂತಿದ್ದಾಗ ಕಸ ಎಸೆಯುವ ಧೈರ್ಯ ಯಾರಿಗೂ ಇಲ್ಲ. ದೇವರ ಟೈಲ್ಸ್ ಅಂಟಿಸುವ ಉಪಾಯ ನನಗೆ ಹಿಡಿಸುವುದಿಲ್ಲ. ಆರು ತಿಂಗಳಿಗೆ ದೇವರ ಪಕ್ಕದಲ್ಲೇ ಕಸ ಬೀಳುತ್ತದೆ.

3. ಗೋಡೆ

ಸುಣ್ಣವೇ ಸಾಕು. ಸುಣ್ಣದ ಕಲ್ಲನ್ನು ಹಿಂದಿನ ದಿನವೇ ನೀರಿಗೆ ಹಾಕಿ. ಅದು ಕುದಿಯುತ್ತದೆ, ಮಕ್ಕಳನ್ನು ದೂರ ಇಡಿ. ಬೆಳಿಗ್ಗೆ ಹಳೇ ಪಂಚೆಯಲ್ಲಿ ಸೋಸಿ, ಸ್ವಲ್ಪ ಗೋಂದು ಬೆರೆಸಿ, ತೆಳ್ಳಗೆ ಮೂರು ಸಲ ಹೊಡೆಯಿರಿ. ಒಂದೇ ಸಲ ದಪ್ಪಗೆ ಹೊಡೆದರೆ ಹಪ್ಪಳದ ಹಾಗೆ ಏಳುತ್ತದೆ. ಮಣ್ಣಿನ ಗೋಡೆಗೆ ಅಗ್ಗದ ಡಿಸ್ಟೆಂಪರ್ ಹಾಕಲೇಬೇಡಿ, ಒಳಗಿನ ತೇವ ಹೊರಗೆ ಬರಲಾಗದೆ ಗಾರೆ ಸಮೇತ ಉದುರುತ್ತದೆ. ಮರದ ಬುಡಕ್ಕೆ ಸುಣ್ಣ, ಕೆಮ್ಮಣ್ಣಿನ ಪಟ್ಟೆ ಬಳಿಯಬೇಕೆಂದರೆ ಬಳಿಯಿರಿ. ಆಯಿಲ್ ಪೇಂಟ್ ಬೇಡ, ಬೋರ್ಡಿಗೆ ಮೊಳೆ ಹೊಡೆಯುವುದಂತೂ ಬೇಡವೇ ಬೇಡ.

4. ಗಿಡ

ಎಲ್ಲರೂ ಕೆಡುವುದು ಇಲ್ಲೇ. ನಿಧಾನವಾಗಿ ಓದಿ.

"ನೀರಾವರಿ ಸೀಮೆ ಅಲ್ವಾ, ಗಿಡ ತಾನಾಗೇ ಬರುತ್ತೆ" ಎಂಬ ಭ್ರಮೆಯನ್ನು ಮೊದಲು ಬಿಡಿ. ಕನ್ನಂಬಾಡಿ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಬಂದು ಗದ್ದೆಗೆ ಹೋಗುತ್ತದೆ, ಬೀದಿಗೆ ಬರುವುದಿಲ್ಲ. ನಮ್ಮ ಊರುಗಳಲ್ಲಿ ಮನೆಗಳಿರುವುದು ಬಹುಪಾಲು ದಿಬ್ಬದ ಮೇಲೆ. ಕೆಳಗೆ ಗರಸು, ಮೇಲೆ ಕಾಂಕ್ರೀಟ್ ರಸ್ತೆ. ಕಬ್ಬಿನ ಗದ್ದೆಗೂ ಬೀದಿಗೂ ನೂರು ಹೆಜ್ಜೆಯಷ್ಟೇ ದೂರ. ಆದರೆ ಗಿಡದ ಪಾಲಿಗೆ ಬೀದಿ ಬರಗಾಲದ ನೆಲ.

ಹಾಗಾಗಿ ಎಷ್ಟು ಗಿಡ ಎನ್ನುವುದನ್ನು ನರ್ಸರಿಯಲ್ಲಿ ತೀರ್ಮಾನಿಸಬೇಡಿ, ನೀರು ನೋಡಿ ತೀರ್ಮಾನಿಸಿ. ಒಂದು ಗಿಡಕ್ಕೆ ವಾರಕ್ಕೆ 20 ಲೀಟರ್, ಅಂದರೆ ಕುಡಿಯುವ ನೀರಿನ ಒಂದು ಕ್ಯಾನ್. 40 ಗಿಡಕ್ಕೆ 800 ಲೀಟರ್. 200 ಲೀಟರಿನ ನಾಲ್ಕು ಡ್ರಮ್ಮು. ಡಿಸೆಂಬರಿನಿಂದ ಮೇ ತನಕ, ಹೆಚ್ಚುಕಡಿಮೆ 25 ವಾರ. ಟ್ರ್ಯಾಕ್ಟರ್ ಯಾರದು, ಡೀಸೆಲ್ ಯಾರದು, ಯಾವ ಭಾನುವಾರ ಯಾರು ಬರಬೇಕು ಎಂಬ ಪಟ್ಟಿ ಗೋಡೆಗೆ ಅಂಟಿಸುವ ತನಕ ಒಂದು ಗಿಡವನ್ನೂ ತರಬೇಡಿ. ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕಾಮೇಗೌಡರು ಕುರಿ ಕಾಯುತ್ತಾ ಬೆಟ್ಟದಲ್ಲಿ ಒಂದರ ಮೇಲೊಂದು ಕಟ್ಟೆ ತೋಡಿದ್ದು ನಿಮಗೆ ಗೊತ್ತೇ ಇದೆ. ಪ್ರಾಣಿ, ಪಕ್ಷಿಗೆ ಕುಡಿಯಲು ನೀರಿಲ್ಲ ಎಂದು ಅವರು ಗುದ್ದಲಿ ಹಿಡಿದವರು. ನಾವು ಬೀದಿಗೆ ಗಿಡ ತರುವಾಗಲೂ ಲೆಕ್ಕ ನೀರಿನಿಂದಲೇ ಶುರುವಾಗಬೇಕು.

ಯಾವ ಗಿಡ? ಹೊಂಗೆ. ಎರಡನೇ ಮಾತಿಲ್ಲ. ಯುಗಾದಿ ಹೊತ್ತಿಗೆ ಹೊಸ ಚಿಗುರು ಬಂದು, ಬಿಸಿಲು ಜೋರಾಗುವಾಗ ದಟ್ಟ ನೆರಳು ಕೊಡುತ್ತದೆ. ಮೇಕೆಗಳು ಸುಲಭಕ್ಕೆ ಬಾಯಿ ಹಾಕುವುದಿಲ್ಲ. ಅಲ್ಲಲ್ಲಿ ಬೇವು, ಕೆರೆ ಕಡೆ ನೇರಳೆ ಇರಲಿ. ಗುಲ್‌ಮೊಹರ್ ಹೂವು ಚೆಂದ, ಆದರೆ ಜೋರು ಗಾಳಿಗೆ ಕೊಂಬೆ ಮುರಿದು ಬೀಳುತ್ತದೆ. ಕೊನೊಕಾರ್ಪಸ್ ಬೇಗ ಹಸಿರಾಗುತ್ತದೆ ಎಂದು ನರ್ಸರಿಯವರು ಆಸೆ ತೋರಿಸುತ್ತಾರೆ. ಗುಜರಾತಿನಲ್ಲಿ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿದರು. ಬೇಡ. ಗಿಡ ನಾಲ್ಕೈದು ಅಡಿ ಎತ್ತರ ಇರಬೇಕು, ಚೀಲ ದೊಡ್ಡದಿರಬೇಕು. ಗೇಣುದ್ದದ ಗಿಡ ಪುಕ್ಕಟೆ ಕೊಟ್ಟರೂ ಬೀದಿಗೆ ತರಬೇಡಿ.

ಎಲ್ಲಿ? ಕರೆಂಟ್ ತಂತಿ ಕೆಳಗೆ ನೆಟ್ಟರೆ ಪ್ರತಿ ಮಳೆಗಾಲ ಲೈನ್‌ಮ್ಯಾನ್ ಕತ್ತರಿಸುತ್ತಾರೆ, ಅದು ಅವರ ಕೆಲಸ. ಅಂಗಡಿ ಬೋರ್ಡಿಗೆ ಅಡ್ಡ ನೆಟ್ಟರೆ ಗಿಡ ಯಾಕೆ ಒಣಗಿತು ಎಂದು ಯಾರಿಗೂ ತಿಳಿಯುವುದಿಲ್ಲ, ಟೀ ಅಂಗಡಿಯ ಬಿಸಿನೀರಿಗೆ ಮಾತ್ರ ತಿಳಿದಿರುತ್ತದೆ. ಮನೆಯವರನ್ನು ಕೇಳಿ, ಅವರು ತೋರಿಸಿದ ಕಡೆ ನೆಡಿ. ಆ ಮನೆಯ ಮಗುವಿನ ಕೈಯಲ್ಲೇ ಮಣ್ಣು ಹಾಕಿಸಿ. "ಇದು ನಂದು" ಎಂದು ಮಗು ಒಂದು ಸಲ ಹೇಳಿದರೆ ಗಿಡಕ್ಕೆ ಅರ್ಧ ಕಾವಲು ಸಿಕ್ಕಂತೆ.

ಗುಂಡಿಯನ್ನು ಮೇ ತಿಂಗಳಲ್ಲೇ ತೆಗೆಯಿರಿ. ಎರಡು ಅಡಿ ಉದ್ದ, ಎರಡು ಅಗಲ, ಎರಡು ಆಳ. ನಾವು ತೋಡುವಾಗ ಒಬ್ಬರು ಬೈಕ್ ನಿಲ್ಲಿಸಿ, "ಏನ್ರಪ್ಪಾ, ಎಮ್ಮೆ ಹೂಳ್ತೀರಾ?" ಎಂದು ಕೇಳಿದ್ದರು. ಕೇಳಲಿ. ಮೇಲಿನ ಒಂದಡಿ ಮಣ್ಣು ಒಂದು ಕಡೆ, ಕೆಳಗಿನ ಗರಸು ಇನ್ನೊಂದು ಕಡೆ ಹಾಕಿ. ರಸ್ತೆ ಮಾಡಿದಾಗ ಉಳಿದ ಜಲ್ಲಿ, ಸಿಮೆಂಟ್ ಗಟ್ಟಿ ಸಿಕ್ಕರೆ ಎಲ್ಲ ಎತ್ತಿ ಹೊರಗೆ ಹಾಕಿ. ಗುಂಡಿ ಎರಡು ಮೂರು ವಾರ ಬಿಸಿಲು ಕಾಯಲಿ. ಮಕ್ಕಳು, ಕರು ಬೀಳದ ಹಾಗೆ ಮೇಲೆ ಮುಳ್ಳು ಹಾಕಿಡಿ.

ತುಂಬುವಾಗ ಮೇಲಿನ ಮಣ್ಣು, ಕೆರೆಗೋಡು (ಕೆರೆಯ ಹೂಳು ಮಣ್ಣು), ತಿಪ್ಪೆ ತಳದ ಹಳೇ ಗೊಬ್ಬರ, ಒಂದೆರಡು ಹಿಡಿ ಬೇವಿನ ಹಿಂಡಿ ಹಾಕಿ ಕಲಸಿ. ಹಸಿ ಸಗಣಿ ಹಾಕಿದರೆ ಗೆದ್ದಲು ಬರುತ್ತದೆ, ಬೇರೂ ಸುಡುತ್ತದೆ. ಗೊಬ್ಬರ ಕೈಯಲ್ಲಿ ಹಿಡಿದಾಗ ಪುಡಿಪುಡಿಯಾಗಬೇಕು, ವಾಸನೆ ಇರಬಾರದು. ತೆಗೆದ ಗರಸನ್ನು ಮತ್ತೆ ಒಳಗೆ ಹಾಕಬೇಡಿ.

ನೆಡುವ ದಿನ ಜೂನ್ 5 ಆಗಲೇಬೇಕೆಂದೇನಿಲ್ಲ. ನಾವು ಆರಿದ್ರೆ ಮಳೆ ಕಾಯುತ್ತೇವೆ, ಅಂದರೆ ಜೂನ್ 22ರ ಆಸುಪಾಸು. ಎರಡು ಹದ ಮಳೆ ಬಿದ್ದ ಮೇಲೆ ಸಂಜೆ ಹೊತ್ತು ನೆಡಿ. ಆಗ ಮಳೆ ಕೈಕೊಟ್ಟರೆ ಆಗಸ್ಟ್ ಕೊನೆ ತನಕ ಕಾಯಿರಿ, ಏನೂ ನಷ್ಟವಿಲ್ಲ. ನಮ್ಮ ಜಿಲ್ಲೆಗೆ ಜಾಸ್ತಿ ಮಳೆ ಬರುವುದೇ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಶಾಸಕರ ಬಿಡುವು ನೋಡಿ ದಿನ ಇಡಬೇಡಿ, ಮೋಡ ನೋಡಿ ಇಡಿ.

ಈಗ ಚೀಲ. ಗಿಡದ ಕಾಂಡ ಹಿಡಿದು ಎಳೆದರೆ ಬೇರು ಕಿತ್ತು ಬರುತ್ತದೆ. ಹಿಂದಿನ ರಾತ್ರಿ ಚೀಲಕ್ಕೆ ಚೆನ್ನಾಗಿ ನೀರು ಕೊಟ್ಟಿರಿ, ಮಣ್ಣಿನ ಹೆಂಟೆ ಗಟ್ಟಿಯಾಗಿ ನಿಲ್ಲುತ್ತದೆ. ಗಿಡವನ್ನು ಅಡ್ಡ ಮಲಗಿಸಿ, ಬ್ಲೇಡಿನಲ್ಲಿ ಚೀಲವನ್ನು ಮೇಲಿಂದ ಕೆಳಗೆ ಸೀಳಿ. ತಳದಲ್ಲಿ ಬೇರು ಸುತ್ತಿಕೊಂಡಿದ್ದರೆ ಆ ಸುತ್ತನ್ನು ಕತ್ತರಿಸಿಬಿಡಿ. ಮನಸ್ಸು ಬರುವುದಿಲ್ಲ, ಆದರೂ ಕತ್ತರಿಸಿ. ಸುತ್ತಿದ ಬೇರು ಗುಂಡಿಯಲ್ಲೂ ಸುತ್ತುತ್ತಲೇ ಇರುತ್ತದೆ. ಸೀಳಿದ ಚೀಲಗಳನ್ನು ಒಬ್ಬರು ಕೈಯಲ್ಲಿ ಇಟ್ಟುಕೊಂಡು ಕೊನೆಗೆ ಎಣಿಸಬೇಕು. 40 ಗಿಡ ಅಂದರೆ 40 ಚೀಲ. 39 ಇದ್ದರೆ ಒಂದು ಗುಂಡಿಯೊಳಗೆ ಹೋಗಿದೆ, ಹುಡುಕಿ ತೆಗೆಯಿರಿ.

ಹೆಂಟೆಯ ಮೇಲ್ಭಾಗ ನೆಲದ ಮಟ್ಟಕ್ಕೇ ಇರಬೇಕು. ಕಾಂಡ ಹೂತರೆ ಕೊಳೆಯುತ್ತದೆ. ಸುತ್ತ ಮಣ್ಣನ್ನು ಪಾದದಿಂದ ಅದುಮಿ, ಕುಣಿಯಬೇಡಿ. ಸುತ್ತಲೂ ಎರಡು ಅಡಿ ಅಗಲಕ್ಕೆ ಬದು ಕಟ್ಟಿ ಪಾತಿ ಮಾಡಿ. ಬಹಳ ಜನ ಬುಡಕ್ಕೆ ಮಣ್ಣು ಗುಡ್ಡೆ ಹಾಕುತ್ತಾರೆ. ನೀರು ಹಾಕಿದರೆ ಅದು ರಸ್ತೆಗೆ ಹರಿಯುತ್ತದೆ, ಗಿಡ ನೋಡುತ್ತಾ ನಿಲ್ಲುತ್ತದೆ.

ಆಸರೆಗೆ ಬಿದಿರಿನ ಕೋಲನ್ನು ಹೆಂಟೆಯಿಂದ ದೂರ ನೆಟ್ಟು, ಹಳೇ ಸೀರೆಯ ಅಂಚಿನಲ್ಲಿ ಎಂಟರ ಆಕಾರಕ್ಕೆ ಸಡಿಲವಾಗಿ ಕಟ್ಟಿ. ತಂತಿ, ನೈಲಾನ್ ಹಗ್ಗ ತೊಗಟೆ ಕೊಯ್ಯುತ್ತವೆ. ಬೇಲಿಗೆ ಜಾಲಿ ಮುಳ್ಳಿಗಿಂತ ಒಳ್ಳೆಯದಿಲ್ಲ. ಜಾಹೀರಾತಿನ ತಗಡು ಹೊದಿಸಿದ ಕಬ್ಬಿಣದ ಗಾರ್ಡ್ ಯಾರಾದರೂ ದಾನ ಕೊಟ್ಟರೆ ತಗಡು ಬಿಚ್ಚಿ ಹಾಕಿ. ಬಿಸಿಲಿಗೆ ಅದು ಒಲೆಯ ಹಾಗೆ ಕಾಯುತ್ತದೆ. ಹುಲಿಕಲ್–ಕುದೂರು ರಸ್ತೆಯಲ್ಲಿ ಸಾಲುಮರದ ತಿಮ್ಮಕ್ಕ ದಂಪತಿ ಆಲದ ಗಿಡಗಳಿಗೆ ಕಟ್ಟಿದ್ದೂ ಮುಳ್ಳಿನ ಬೇಲಿಯನ್ನೇ, ನೀರು ಹೊತ್ತಿದ್ದೂ ಕೊಡದಲ್ಲೇ.

ನೀರನ್ನು ದಿನಾ ಒಂದು ಚೊಂಬು ಹಾಕಬೇಡಿ. ಮೇಲಿನ ಮಣ್ಣಷ್ಟೇ ನೆನೆದು ಬೇರು ಮೇಲಕ್ಕೇ ಬರುತ್ತದೆ. ವಾರಕ್ಕೊಮ್ಮೆ 20 ಲೀಟರ್ ನಿಧಾನವಾಗಿ ಹಾಕಿ, ಆಳಕ್ಕೆ ಇಳಿಯಲಿ. ಬಾಟಲಿ ತಲೆಕೆಳಗು ಮಾಡಿ ಸಿಕ್ಕಿಸುವ ವಿಡಿಯೊ ಎಲ್ಲರೂ ಕಳಿಸುತ್ತಿರುತ್ತಾರೆ. ಒಂದು ಲೀಟರ್ ನೀರು ಏಪ್ರಿಲ್ ಬಿಸಿಲಿಗೆ ಯಾವ ಮೂಲೆಗೆ? ತಳಕ್ಕೆ ತೂತು ಮಾಡಿ ಬತ್ತಿ ಹಾಕಿದ ಮಣ್ಣಿನ ಮಡಕೆಯನ್ನು ಪಾತಿಯಲ್ಲಿ ಹೂಳುವುದು ಮಾತ್ರ ಕೆಲಸಕ್ಕೆ ಬರುತ್ತದೆ. ಶುದ್ಧ ನೀರಿನ ಘಟಕದಿಂದ ಚರಂಡಿಗೆ ಹೋಗುವ ನೀರು ಹಾಕೋಣ ಅನ್ನಿಸಬಹುದು. ಅದರಲ್ಲಿ ಉಪ್ಪಿನಂಶ ಜಾಸ್ತಿ, ಎಳೆ ಗಿಡಕ್ಕೆ ಬೇಡ.

ಪಾತಿಗೆ ಕಬ್ಬಿನ ತರಗನ್ನು ನಾಲ್ಕು ಬೆರಳು ದಪ್ಪ ಹೊದಿಸಿ, ಕಾಂಡದಿಂದ ಒಂದು ಗೇಣು ಬಿಟ್ಟು. ತೇವ ಆರುವುದಿಲ್ಲ. ಆದರೆ ಬೀಡಿ ಎಸೆಯುವವರ ಊರು ನಮ್ಮದು. ತರಗಿನ ಮೇಲೆ ಒಂದು ಬಾಂಡಲಿ ಮಣ್ಣು ಚೆಲ್ಲಿದರೆ ಬೆಂಕಿ ಹತ್ತುವುದಿಲ್ಲ. ಇದನ್ನು ಕಲಿಯಲು ನಮಗೆ ಎರಡು ಗಿಡ ಬೇಕಾಯಿತು.

5. ಆಮೇಲೆ

ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ರೈತರು ಜಮೀನಿನಲ್ಲಿ ಬೆಳೆಸಿದ ಗಿಡಕ್ಕೆ ದುಡ್ಡು ಕೊಡುವುದು ಬದುಕಿದ್ದರೆ ಮಾತ್ರ. ಅದೂ ಮೂರು ವರ್ಷ ನೋಡಿ, 35, 40, 50 ರೂಪಾಯಿ ಎಂದು ಏರಿಸುತ್ತಾ. ಬೀದಿ ಗಿಡಕ್ಕೂ ಲೆಕ್ಕ ಅಷ್ಟೇ ವರ್ಷ. ಮೊದಲ ಬೇಸಿಗೆ ವಾರಕ್ಕೊಮ್ಮೆ, ಎರಡನೆಯದು ಹದಿನೈದು ದಿನಕ್ಕೊಮ್ಮೆ, ಮೂರನೆಯದರಲ್ಲಿ ಎಲೆ ಬಾಡಿದರೆ ಮಾತ್ರ ನೀರು. ಪಾತಿಯನ್ನು ವರ್ಷ ವರ್ಷ ಅಗಲ ಮಾಡಿ, ಬೇರು ಹೊರಗೆ ಹೋಗಿರುತ್ತದೆ.

ವರ್ಷಕ್ಕೆ ಎರಡು ಸಲ ಆಸರೆಯ ಗಂಟು ಬಿಚ್ಚಿ ಸಡಿಲವಾಗಿ ಮತ್ತೆ ಕಟ್ಟಿ. ಮೂರನೇ ಮಳೆಗಾಲಕ್ಕೆ ಕೋಲನ್ನೇ ಕೀಳಿ. ತಳ ಗೆದ್ದಲು ಹಿಡಿದಿರುತ್ತದೆ. ಅದನ್ನು ಕತ್ತರಿಸಿ ಎಸೆದರೆ ಉಳಿದದ್ದು ಪಕ್ಕದ ಬೀದಿಯ ಚಿಕ್ಕ ಗಿಡಕ್ಕೆ ಸಾಕಾಗುತ್ತದೆ.