ಮೂರು ಗಿರಾಕಿ ಲೆಕ್ಕ

"ಪಿಎಚ್‌ಪಿ ಹಿಡ್ಕೊಂಡು ಕುಂತ್ರ ಉಪವಾಸ ಬೀಳ್ತಿ" ಅಂತ ಬೆಂಗಳೂರಿನ ಗೆಳೆಯರು ಐದು ವರ್ಷ ಹೇಳಿದರು. ಹೋದ ತಿಂಗಳು ಅವರಲ್ಲೇ ಒಬ್ಬ ಫೋನ್ ಮಾಡಿ, "ನಿನ್ನ ಕಡೆ ಏನರ ಕೆಲಸ ಐತೇನ್ಲೇ?" ಅಂದ. ಅದಕ್ಕೇ ಇದನ್ನು ಬರೆಯೋಕೆ ಕೂತೆ. ನಾನು ಬಾಗಲಕೋಟೆಯಲ್ಲಿ ಅಂಗಡಿಯವರಿಗೆ ವೆಬ್‌ಸೈಟ್, ಬಿಲ್ಲು ಮಾಡಿಕೊಡುವವನು. ಪಿಎಚ್‌ಪಿ ಅಂದರೆ ಸೈಟ್ ಬರೆಯುವ ಒಂದು ಹಳೇ ಪ್ರೋಗ್ರಾಮಿಂಗ್ ಭಾಷೆ, ಸರ್ವರ್‌ನಲ್ಲಿ ಓಡುವಂಥದ್ದು.

ಮೊದಲು ಸೋತ ಕತೆ. 2016ರಲ್ಲಿ ಬೆಂಗಳೂರಿಗೆ ಹೋಗಿ ಆ್ಯಂಗುಲರ್ ಅನ್ನೋ, ಜಾವಾಸ್ಕ್ರಿಪ್ಟ್‌ನಲ್ಲಿ ಸೈಟ್ ಕಟ್ಟುವ ಸಲಕರಣೆಯ ಕೋರ್ಸ್ ಮಾಡಿದೆ. ಫೀಸು, ಪಿಜಿ, ಊಟ ಸೇರಿ ಎಪ್ಪತ್ತು ಸಾವಿರದ ಹತ್ತಿರ ಹೋಯಿತು. ಅಪ್ಪ ಗೋವಿನಜೋಳ ಮಾರಿದ ದುಡ್ಡು ಅದು. ಬಾಗಲಕೋಟೆಗೆ ಬಂದು ಬ್ಯಾಗ್ ಇಳಿಸುವಷ್ಟರಲ್ಲಿ, ಅದೇ ಸೆಪ್ಟೆಂಬರ್‌ನಲ್ಲಿ, ಆ್ಯಂಗುಲರ್ 2 ಬಂತು. ಹೆಸರು ಅದೇ, ಒಳಗೆ ಎಲ್ಲಾ ಬೇರೆ. ಸ್ಕೋಪು, ಕಂಟ್ರೋಲರು ಅಂತ ಬಾಯಿಪಾಠ ಮಾಡಿದ್ದೆಲ್ಲ ಹೊಳೆಗೆ ಹೋಯಿತು.

ಆಮೇಲೂ ಬುದ್ಧಿ ಬರಲಿಲ್ಲ. 2019ರಲ್ಲಿ ಇಳಕಲ್‌ನ ಸೀರೆ ಅಂಗಡಿಯೊಂದಕ್ಕೆ ರಿಯಾಕ್ಟ್ ಅನ್ನೋ ಅಂಥದ್ದೇ ಇನ್ನೊಂದು ಸಲಕರಣೆಯಲ್ಲಿ ಸೈಟ್ ಮಾಡಿದೆ. ನೋಡೋಕೆ ಭಾರಿ ಚೆಂದ. ಸಾವಕಾರರು ಒಂದು ಸೀರೆಯ ಲಿಂಕನ್ನು ವಾಟ್ಸಾಪ್‌ನಲ್ಲಿ ಕಳಿಸಿದರು. ಫೋಟೋ ಬರಲಿಲ್ಲ, ಬರೀ ಅಂಗಡಿ ಹೆಸರು ಬಂತು. "ತಮ್ಮಾ, ಸೆರಗ ಕಾಣ್ಲಿಲ್ಲಂದ್ರ ಸೀರಿ ಯಾರ ತಗೋತಾರ?" ಅಂದರು. ಪ್ರಿವ್ಯೂ ತೆಗೆಯುವಾಗ ವಾಟ್ಸಾಪ್ ಜಾವಾಸ್ಕ್ರಿಪ್ಟ್ ಓಡಿಸುವುದಿಲ್ಲ, ಸರ್ವರ್ ಕೊಟ್ಟ ಎಚ್‌ಟಿಎಂಎಲ್‌ನಲ್ಲೇ ಫೋಟೋದ ಟ್ಯಾಗ್ ಇರಬೇಕು. ಗಿರಾಕಿ ಕೇಳಿದಾಗ ಸರ್ವರ್‌ನಲ್ಲೇ ಪುಟ ಕಟ್ಟಿಕೊಡುವ ದಾರಿ ರಿಯಾಕ್ಟ್‌ನಲ್ಲೂ ಇದೆ, ಆದರೆ ಅದಕ್ಕೆ ನೋಡ್, ಅಂದರೆ ಸರ್ವರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ತಂತ್ರಾಂಶ, ಓಡುವ ಹೋಸ್ಟಿಂಗ್ ಬೇಕು. ಸಾವಕಾರರು ವರ್ಷಕ್ಕೆ ಎರಡೂವರೆ ಸಾವಿರದ ಮೇಲೆ ಪೈಸೆ ಬಿಚ್ಚುವವರಲ್ಲ. ನಾಲ್ಕು ರಾತ್ರಿ ಕೂತು ಪಿಎಚ್‌ಪಿಯಲ್ಲಿ ತಿರುಗಿ ಬರೆದೆ. ಸೆರಗು ಕಂಡಿತು, ನನ್ನ ಬಾಕಿ ಹದಿನೆಂಟು ಸಾವಿರವೂ ಬಂತು.

ಅಂದೇ ಒಂದು ನೋಟ್‌ಬುಕ್ ಮಾಡಿದೆ. ಗಿರಾಕಿ ಕೇಳಿದ್ದನ್ನು ಅವರ ಬಾಯಲ್ಲಿ ಬಂದ ಹಾಗೇ ಬರೆದಿಡೋದು. ಒಂದೇ ಬೇಡಿಕೆಯನ್ನು ಮೂರು ಜನ, ಅದೂ ದುಡ್ಡು ಕೊಡ್ತೀವಿ ಅಂತ ಹೇಳಿ ಕೇಳಿದರೆ ಮಾತ್ರ ಅದಕ್ಕೆ ಬೇಕಾದದ್ದನ್ನು ಕಲಿಯೋದು. ಇಷ್ಟು ವರ್ಷದಲ್ಲಿ ಆ ನೋಟ್‌ಬುಕ್‌ನಲ್ಲಿ ರಿಯಾಕ್ಟ್ ಅನ್ನೋ ಪದ ಒಮ್ಮೆಯೂ ಬಂದಿಲ್ಲ. "ಬಿಲ್ ಕನ್ನಡದಾಗ ಬರ್ಬೇಕು" ಅನ್ನೋದು ಹತ್ತು ಹನ್ನೊಂದು ಸಲ ಬಂದಿದೆ.

ಕನ್ನಡ ಬಿಲ್ಲಿನಲ್ಲೂ ಒದ್ದಾಡಿದ್ದೇನೆ. ಮೊದಲು ಹಾಕಿದ ಪಿಡಿಎಫ್ ಲೈಬ್ರರಿ, ಅಂದರೆ ಪಿಡಿಎಫ್ ಮಾಡಿಕೊಡುವ ಸಿದ್ಧ ಕೋಡ್, ಒತ್ತಕ್ಷರವನ್ನು ಕೆಳಗೆ ಕೂರಿಸುವುದು ಬಿಟ್ಟು ಪಕ್ಕಕ್ಕೆ ನಿಲ್ಲಿಸುತ್ತಿತ್ತು. ಒಬ್ಬ ಗಿರಾಕಿ ತನ್ನ ಹೆಸರು ನೋಡಿಕೊಂಡು ಬಿಲ್ಲನ್ನೇ ವಾಪಸ್ ಕೊಟ್ಟ. ಒಂದು ತಿಂಗಳು ಹಾಳಾಯಿತು. ಕೊನೆಗೆ ಲೈಬ್ರರಿ ಎತ್ತಿ ಬಿಸಾಕಿ, ಬಿಲ್ಲನ್ನು ಸಾದಾ ಪುಟ ಮಾಡಿ, ಪುಟ ಹೇಗೆ ಕಾಣಬೇಕು ಅಂತ ಹೇಳುವ ಸಿಎಸ್‌ಎಸ್ ಅನ್ನು ಪ್ರಿಂಟ್‌ಗೆ ಬೇರೆ ಬರೆದು ಬ್ರೌಸರ್‌ನಿಂದಲೇ ಪ್ರಿಂಟ್ ಕೊಡಿಸಿದೆ. ಅಕ್ಷರ ಜೋಡಿಸುವ ಕೆಲಸ ಬ್ರೌಸರ್‌ಗೆ ನಮಗಿಂತ ಚೆನ್ನಾಗಿ ಬರುತ್ತದೆ.

ದುಡ್ಡು ತಂದದ್ದು ಮಾತ್ರ ನುಡಿ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶ. ಎಲ್ಲರ ಹಳೇ ಸ್ಟಾಕ್ ಪಟ್ಟಿ ನುಡಿಯ ಹಳೇ ಫಾಂಟ್‌ನಲ್ಲೇ ಇರುತ್ತದೆ. ಸೈಟಿಗೆ ಹಾಕಿದರೆ "ಕನ್ನಡ" ಅನ್ನೋ ಪದದ ನಡುವೆ ಪೌಂಡ್ ಚಿಹ್ನೆ ಕೂತಿರುತ್ತದೆ. ಅದನ್ನು ಯೂನಿಕೋಡ್‌ಗೆ, ಅಂದರೆ ಈಗ ಎಲ್ಲಾ ಸೈಟು, ಫೋನು ಓದುವ ಅಕ್ಷರ ಸಂಕೇತಕ್ಕೆ, ತರುವಾಗ ಅರ್ಕಾವೊತ್ತು ಕೈಕೊಡುತ್ತದೆ. "ಕುರ್ತಾ" ಅಂತ ಬರೆದರೆ ಹಳೇ ಫಾಂಟ್‌ನಲ್ಲಿ ಅದು ಕೊನೆಗೆ ಬರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ಅದನ್ನು ಹಿಂದಕ್ಕೆ ತರೋಕೆ ನಾನೊಂದು ಪಟ್ಟಿ ಮಾಡಿಟ್ಟಿದ್ದೇನೆ. ಅದನ್ನು ಇಲ್ಲಿ ಕೊಡಲ್ಲ, ಬೇಜಾರಾಗಬೇಡಿ. ಹೋದ ವರ್ಷ ಅದೊಂದೇ ಲಕ್ಷದ ಮೇಲೆ ತಂದಿದೆ.

ನಡುವೆ ಸುಮ್ನೆ ಒಂದು ಹುಚ್ಚು. ಮಾತಾಡಿದರೆ ಆರ್ಡರ್ ಟೈಪ್ ಆಗಲಿ ಅಂತ ಕ್ರೋಮ್‌ನ ಧ್ವನಿ ಸೌಲಭ್ಯ ಜೋಡಿಸಿದೆ. "ಒಂದೂವರೆ ಸಾವಿರ" ಅಂದರೆ ಸರಿ ಬರೆಯಿತು. ನಮ್ಮ ಸಾವಕಾರರು ಅದನ್ನೇ "ದೀಡ ಸಾವಿರ" ಅಂದರು. ಪರದೆ ಮೇಲೆ "ಗಿಡ ಸಾವಿರ" ಅಂತ ಬಂತು. ಅಲ್ಲಿಗೆ ಕೈಬಿಟ್ಟೆ.

ಈಗ ನವನಗರದಲ್ಲಿ ಎರಡು ರೂಮಿನ ಆಫೀಸಿದೆ, ಇಬ್ಬರು ಹುಡುಗರಿದ್ದಾರೆ. ವರ್ಷಕ್ಕೆ ಒಂಬತ್ತು ಲಕ್ಷ, ಸ್ವಲ್ಪ ಹೆಚ್ಚುಕಮ್ಮಿ. ಅರ್ಧದಷ್ಟು ಹಳೇ ಗಿರಾಕಿಗಳ ವಾರ್ಷಿಕ ರಿನ್ಯೂವಲ್‌ನಿಂದಲೇ ಬರುತ್ತದೆ.

ಹೋದ ವಾರ ಗುಳೇದಗುಡ್ಡದ ಖಣದ ವ್ಯಾಪಾರಿಯೊಬ್ಬರು "ನೆಟ್ ಇಲ್ದಾಗೂ ಸ್ಟಾಕ್ ಬರ್ಕೊಳ್ಳಾಕ ಬರ್ಬೇಕು" ಅಂದರು. ನೋಟ್‌ಬುಕ್ ತೆಗೆದು ನೋಡಿದರೆ ಅದು ಮೂರನೆಯದು. ಅದಕ್ಕೆ ಬೇಕಾದದ್ದು ಸರ್ವಿಸ್ ವರ್ಕರ್, ಅಂದರೆ ನೆಟ್ ಇಲ್ಲದಾಗಲೂ ಬ್ರೌಸರ್‌ನಲ್ಲಿ ಸೈಟ್ ನಡೆಸುವ ಕೋಡ್. ಅದು ನನಗೆ ಬರಲ್ಲ. ಫೋನ್ ಮಾಡಿದ್ದನಲ್ಲ, ಆ ಗೆಳೆಯನಿಗೆ ಬರುತ್ತದಂತೆ. ಸೋಮವಾರದಿಂದ ಬಾ ಅಂದಿದ್ದೇನೆ.