ಸ್ಕ್ಯಾನರ್ ಬೇಡ ಅಂದ ವಾರ್ಡ್‌ನಲ್ಲೇ ಸ್ಕ್ಯಾನರ್ ನೆಲೆಯೂರಿತು: ನನ್ನ ಅನುಭವ

ಔಷಧಿ ಕೊಡುವ ಮೊದಲು ರೋಗಿಯ ಕೈಗೆ ಕಟ್ಟಿದ ರಿಸ್ಟ್ ಬ್ಯಾಂಡ್‌ನ ಬಾರ್‌ಕೋಡ್, ಔಷಧಿಯ ಬಾರ್‌ಕೋಡ್ ಎರಡನ್ನೂ ಸ್ಕ್ಯಾನ್ ಮಾಡಿ, ಸರಿಯಾದವರಿಗೇ ಹೋಗುತ್ತಿದೆಯಾ ಅಂತ ನೋಡುವ ವ್ಯವಸ್ಥೆಯ ಕಥೆ ಇದು. ನಮ್ಮ ವಾರ್ಡ್‌ನಲ್ಲಿ ಈಗ ನೂರು ಡೋಸ್ ಕೊಟ್ಟರೆ ತೊಂಬತ್ತೈದರಷ್ಟು ಸ್ಕ್ಯಾನ್ ಆಗಿಯೇ ಹೋಗುತ್ತವೆ. ಶುರುವಿನಲ್ಲಿ ಐವತ್ತು ದಾಟುವುದೇ ಕಷ್ಟವಿತ್ತು. "ಸೀನಿಯರ್ ಸಿಸ್ಟರ್‌ಗಳು ಇದನ್ನು ಮುಟ್ಟಲ್ಲ, ಸುಮ್ನೆ ದುಡ್ಡು ದಂಡ" ಅಂದವರು ಒಬ್ಬಿಬ್ಬರಲ್ಲ. ಅವರಲ್ಲೇ ಕೆಲವರು ಈಗ ಫೋನ್ ಮಾಡಿ, ನೀವು ಹೇಗೆ ಮಾಡಿದಿರಿ ಅಂತ ಕೇಳುತ್ತಿದ್ದಾರೆ. ನನಗೆ ಇದರಲ್ಲಿ ಹೆಮ್ಮೆ ಇದೆ, ಮುಚ್ಚಿಡುವುದಿಲ್ಲ. ಇದಕ್ಕಿಂತ ಹೆಚ್ಚಾಗಿ ಬಾರ್‌ಕೋಡ್ ಅಂದರೇನು, ಔಷಧಿ ಕೊಡುವಾಗ ಏನೇನು ನೋಡಬೇಕು ಅಂತೆಲ್ಲ ಇಲ್ಲಿ ವಿವರಿಸಲ್ಲ. ಇದನ್ನು ಓದುವ ವಾರ್ಡ್ ಇನ್‌ಚಾರ್ಜ್‌ಗಳಿಗೆ ಅದೆಲ್ಲ ಗೊತ್ತು.

ಮೊದಲ ಸುತ್ತು ಪೂರ್ತಿ ಬಿದ್ದುಹೋಯಿತು. ಕಂಪನಿಯವರು ಬಂದು ಎರಡು ಗಂಟೆ ಕ್ಲಾಸ್ ತೆಗೆದುಕೊಂಡರು. ನೈಟ್ ಡ್ಯೂಟಿ ಮುಗಿಸಿದವರನ್ನೂ ಅಲ್ಲೇ ಕೂರಿಸಿದರು, ಅವರಿಗೆ ಕಣ್ಣು ಬಿಡಲೂ ಆಗುತ್ತಿರಲಿಲ್ಲ. ಡೆಮೊದಲ್ಲಿದ್ದ ರೋಗಿಗೆ ಎರಡೇ ಮಾತ್ರೆ. ನಮ್ಮ ವಾರ್ಡ್‌ನಲ್ಲಿ ಬೆಳಗಿನ ರೌಂಡ್‌ಗೆ ಒಬ್ಬೊಬ್ಬರಿಗೆ ಹತ್ತು ಹನ್ನೆರಡು ಔಷಧಿ, ನಡುವೆ ಒಬ್ಬರ ಐವಿ ಲೈನ್ ಬ್ಲಾಕ್, ಇನ್ನೊಬ್ಬರಿಗೆ ಬಾತ್‌ರೂಮ್‌ಗೆ ಹೋಗಬೇಕು. ಎಲ್ಲಕ್ಕಿಂತ ಕೆಟ್ಟದ್ದು ಅಂದರೆ, ಯಾವುದಕ್ಕೂ ಇರಲಿ ಅಂತ ಪೇಪರ್ ಚಾರ್ಟ್ ಅನ್ನೂ ಹಾಗೇ ಉಳಿಸಿದರು. ಎರಡು ಕಡೆ ಬರೆಯಿರಿ ಅಂದರೆ ನರ್ಸ್ ಯಾವುದನ್ನು ಮೊದಲು ಬರೆಯುತ್ತಾರೆ? ಡಾಕ್ಟರ್ ನೋಡುವುದನ್ನು. ಡಾಕ್ಟರ್ ಪೇಪರ್ ನೋಡುತ್ತಿದ್ದರು. ಸ್ಕ್ಯಾನಿಂಗ್ ಶಿಫ್ಟ್ ಕೊನೆಯಲ್ಲಿ ಒಟ್ಟಿಗೆ ಮುಗಿಸುವ ಕೆಲಸವಾಯಿತು. ಮೇಲಿನವರು ಅದಕ್ಕೆ "ನರ್ಸ್‌ಗಳ ವಿರೋಧ" ಅಂತ ಹೆಸರಿಟ್ಟರು. ಆ ಮಾತು ಇವತ್ತಿಗೂ ನನಗೆ ಸಿಟ್ಟು ತರಿಸುತ್ತದೆ.

ದುಡ್ಡಿನ ವಿಷಯ ಹೇಳಲೇಬೇಕು. ನೆನಪಿನಿಂದ ಹೇಳುತ್ತಿದ್ದೇನೆ, ಬಜೆಟ್‌ನಲ್ಲಿ ಮುಕ್ಕಾಲು ಪಾಲು ಸಾಫ್ಟ್‌ವೇರ್ ಮತ್ತು ಲೈಸೆನ್ಸ್‌ಗೆ ಹೋಗಿತ್ತು. ಟ್ರೈನಿಂಗ್‌ಗೆ ನೂರಕ್ಕೆ ಮೂರೋ ನಾಲ್ಕೋ. ಔಷಧಿ ಟ್ರಾಲಿಯ ಬ್ಯಾಟರಿಗೆ, ಎಕ್ಸ್‌ಟ್ರಾ ಸ್ಕ್ಯಾನರ್‌ಗೆ, ಕಲಿಯುವಾಗ ಡ್ಯೂಟಿ ನೋಡಿಕೊಳ್ಳುವ ಬದಲಿ ಸ್ಟಾಫ್‌ಗೆ ಏನೂ ಇರಲಿಲ್ಲ. ಫಾರ್ಮಸಿಯ ಕಥೆ ಇನ್ನೊಂದು. ಬಾರ್‌ಕೋಡ್ ಇರುವುದು ಹೊರಗಿನ ಡಬ್ಬಿಯ ಮೇಲೆ, ವಾರ್ಡ್‌ಗೆ ಬರುವುದು ಕತ್ತರಿಸಿದ ಸ್ಟ್ರಿಪ್. ಅರ್ಧ ಮಾತ್ರೆಗಂತೂ ಕೋಡ್ ಎಲ್ಲಿಂದ ಬರಬೇಕು? ಕೊನೆಗೆ ಒಂದು ಲೇಬಲ್ ಪ್ರಿಂಟರ್ ಮತ್ತು ಡೋಸ್ ಬಿಡಿಸಿ ಲೇಬಲ್ ಹಚ್ಚಲು ದಿನಕ್ಕೆ ಕೆಲವು ಗಂಟೆ ಒಬ್ಬ ಮನುಷ್ಯ, ಇಷ್ಟಕ್ಕೆ ಒಪ್ಪಿಗೆ ಪಡೆಯಲು ನಾನು ತಿಂಗಳುಗಟ್ಟಲೆ ಓಡಾಡಿದೆ. ಸಾಫ್ಟ್‌ವೇರ್‌ಗೆ ಸುರಿದ ದುಡ್ಡಿನ ಮುಂದೆ ಅದು ಪುಡಿಗಾಸು. ಅಕೌಂಟ್ಸ್‌ನವರನ್ನು ಹೇಗೆ ಒಪ್ಪಿಸಿದೆ ಅನ್ನುವುದನ್ನು ಮಾತ್ರ ಬರೆಯಲ್ಲ, ಇನ್ನೂ ಎರಡು ಬೇಡಿಕೆ ಅವರ ಮೇಜಿನ ಮೇಲೆ ಇವೆ.

ಎರಡನೇ ಸುತ್ತಿನಲ್ಲಿ ನಾನು ಕ್ಲಾಸ್ ತೆಗೆದುಕೊಳ್ಳಲೇ ಇಲ್ಲ. ವಾಚ್ ಹಿಡಿದು ಔಷಧಿ ರೌಂಡ್‌ಗಳ ಹಿಂದೆ ನಡೆದೆ. ಇಷ್ಟವಾ, ಕಷ್ಟವಾ ಅಂತ ಯಾರನ್ನೂ ಕೇಳಲಿಲ್ಲ. ಸಮಯ ಎಲ್ಲಿ ಸೋರುತ್ತಿದೆ ಅಂತ ಮಾತ್ರ ನೋಡಿದೆ. ಬೆಡ್ ಬದಲಾದಾಗಲೆಲ್ಲ ಉದ್ದದ ಪಾಸ್‌ವರ್ಡ್ ಮತ್ತೆ ಹಾಕಬೇಕು. ಮೂಲೆಯ ಬೆಡ್‌ಗಳಿಗೆ ವೈಫೈ ಬರುವುದಿಲ್ಲ. ರೌಂಡ್ ಮಧ್ಯದಲ್ಲಿ ಟ್ರಾಲಿಯ ಬ್ಯಾಟರಿ ಸತ್ತುಹೋಗುತ್ತದೆ. ಇಂಜೆಕ್ಷನ್ ಔಷಧಿಯ ಸಣ್ಣ ಆಂಪ್ಯೂಲ್‌ನ ಗುಂಡಗಿನ ಮೈ ಮೇಲಿನ ಕೋಡ್ ನಾಲ್ಕು ಸಲ ತೋರಿಸಿದರೂ ಓದುವುದಿಲ್ಲ. ಸ್ನಾನ ಆದ ಮೇಲೆ ರಿಸ್ಟ್ ಬ್ಯಾಂಡ್ ಮಸುಕು. ಎಲ್ಲ ಸೇರಿಸಿದರೆ ಒಂದು ರೌಂಡ್‌ಗೆ ಇಪ್ಪತ್ತೈದು ಮೂವತ್ತು ನಿಮಿಷ ಜಾಸ್ತಿ ಬೀಳುತ್ತಿತ್ತು. ಅಷ್ಟು ಸಮಯ ಯಾರ ಹತ್ತಿರ ಇದೆ? ಹೊಸ ಕಂಪ್ಯೂಟರ್ ವ್ಯವಸ್ಥೆಯನ್ನು ಜನ ಯಾಕೆ ಒಪ್ಪುತ್ತಾರೆ ಅಂತ ಫ್ರೆಡ್ ಡೇವಿಸ್ ಅನ್ನುವವರು 1989ರಲ್ಲೇ ಬರೆದಿದ್ದಾರೆ: ಕೆಲಸಕ್ಕೆ ಉಪಯೋಗ ಅನಿಸಬೇಕು, ಬಳಸಲು ಸುಲಭ ಅನಿಸಬೇಕು. ಉಪಯೋಗವನ್ನು ನಮ್ಮವರು ಕ್ಲಾಸ್‌ನಲ್ಲೇ ಒಪ್ಪಿದ್ದರು. ಸುಲಭ ಮಾಡುವ ಕೆಲಸವನ್ನು ಯಾರೂ ಮಾಡಿರಲಿಲ್ಲ.

ಅಡ್ಡದಾರಿಗಳೂ ಕಣ್ಣಿಗೆ ಬಿದ್ದವು. ರಿಸ್ಟ್ ಬ್ಯಾಂಡ್‌ನ ಇನ್ನೊಂದು ಕಾಪಿ ಟ್ರಾಲಿಗೆ ಅಂಟಿಸಿ ಅದನ್ನೇ ಸ್ಕ್ಯಾನ್ ಮಾಡುವುದು, ಔಷಧಿ ಕೊಟ್ಟು ಬಂದು ಆಮೇಲೆ ಖಾಲಿ ಕವರ್ ಸ್ಕ್ಯಾನ್ ಮಾಡುವುದು. ಮೆಮೊ ಕೊಡಿ ಅಂತ ನನಗೆ ಸಲಹೆ ಬಂತು, ನಾನು ಕೊಡಲಿಲ್ಲ. ಅಮೆರಿಕದ ಆಸ್ಪತ್ರೆಗಳನ್ನು ನೋಡಿ ರಾಸ್ ಕೊಪ್ಪೆಲ್ ಮತ್ತು ಜೊತೆಯವರು 2008ರಲ್ಲಿ ಇಂಥ 15 ಬಗೆಯ ಅಡ್ಡದಾರಿ, ಅವಕ್ಕೆ 31 ಕಾರಣ ಪಟ್ಟಿ ಮಾಡಿದ್ದರು. ಓದದ ಕೋಡ್, ಸತ್ತ ಬ್ಯಾಟರಿ, ಸಿಗದ ವೈಫೈ, ಎಲ್ಲ ಅದರಲ್ಲೇ ಇವೆ. ಅಡ್ಡದಾರಿ ಕಂಡರೆ ಅದನ್ನು ರಿಪೇರಿ ಕೆಲಸದ ಚೀಟಿ ಅಂತಲೇ ನಾನು ತೆಗೆದುಕೊಂಡೆ. ವಾರ್ಡ್‌ನಲ್ಲಿ ಒಂದು ಬೋರ್ಡ್ ಹಾಕಿದೆ: ತೊಂದರೆ ಏನು, ಯಾರು ಸರಿ ಮಾಡಬೇಕು, ಯಾವಾಗ ಸರಿಯಾಯಿತು. ಬೋರ್ಡ್ ಮೇಲೆ ಬರೆದದ್ದು ವಾರದೊಳಗೆ ಸರಿಹೋಗುತ್ತದೆ ಅಂತ ಕಂಡ ಮೇಲೆ ನಮ್ಮವರೇ ಬರೆಯಲು ಶುರು ಮಾಡಿದರು. ಪಾಸ್‌ವರ್ಡ್ ಬದಲು ಕಾರ್ಡ್ ತಾಗಿಸಿ ಲಾಗಿನ್ ಆಗುವಂತೆ ಮಾಡಿದ್ದು ಒಂದೇ ಏಟಿಗೆ ಎಂಟು ಹತ್ತು ನಿಮಿಷ ಉಳಿಸಿತು.

ಟ್ರೈನರ್ ಯಾರು ಅನ್ನುವುದರಲ್ಲಿ ನನಗೂ ಐಟಿಯವರಿಗೂ ಜಗಳವೇ ಆಯಿತು. ಅವರಿಗೆ ಫೋನ್ ಚೆನ್ನಾಗಿ ಬಳಸುವ ಹೊಸ ಹುಡುಗಿಯರು ಬೇಕಿತ್ತು. ನಾನು ಆರಿಸಿದ್ದು ಇಡೀ ವಾರ್ಡ್‌ನಲ್ಲಿ ಔಷಧಿ ರೌಂಡ್ ಬೇಗ ಮುಗಿಸುವ ಸೀನಿಯರ್ ಸಿಸ್ಟರ್ ಒಬ್ಬರನ್ನು. ಎಲ್ಲರೂ ತಮ್ಮ ವೇಗವನ್ನು ಅವರ ಜೊತೆಗೇ ಹೋಲಿಸುವುದು. ಅವರಿಗೆ ಆರೇಳು ವಾರ ಅರ್ಧ ಪೇಷಂಟ್‌ಗಳನ್ನಷ್ಟೇ ಕೊಟ್ಟೆ, ಬದಲಿ ಸ್ಟಾಫ್ ದುಡ್ಡು ಹೋದದ್ದೇ ಇಲ್ಲಿ. ಅವರ ರೌಂಡ್ ಸ್ಕ್ಯಾನರ್ ಜೊತೆ ಮೊದಲಿನಷ್ಟೇ ಹೊತ್ತಿಗೆ ಮುಗಿದ ದಿನ ವಾರ್ಡ್‌ನ ಮಾತೇ ಬದಲಾಯಿತು. ಟ್ರಾಲಿಯ ಡ್ರಾಯರ್‌ಗಳನ್ನು ಅವರು ಜೋಡಿಸಿಕೊಂಡ ಕ್ರಮದಲ್ಲಿ ಒಂದು ಗುಟ್ಟಿದೆ. ಅದು ಅವರದ್ದು, ಬಂದವರಿಗೆ ಅವರೇ ತೋರಿಸುತ್ತಾರೆ.

ಇನ್ನೊಂದು ಮಾತು ನಮ್ಮವರಿಗೆ ತುಂಬಾ ತಾಗಿತು. ಬಾರ್‌ಕೋಡ್‌ನಿಂದ ಔಷಧಿ ಕೊಡುವ ಈ ಯೋಚನೆ ಬಂದದ್ದೇ ಒಬ್ಬ ನರ್ಸ್‌ಗೆ. ಅಮೆರಿಕದ ಟೊಪೀಕಾದಲ್ಲಿ ಮಾಜಿ ಸೈನಿಕರ ಆಸ್ಪತ್ರೆಯ ಸ್ಯೂ ಕಿನ್ನಿಕ್ 1992ರಲ್ಲಿ ಬಾಡಿಗೆ ಕಾರು ವಾಪಸ್ ಕೊಡುವಾಗ, ಅಲ್ಲಿನವರು ಸ್ಕ್ಯಾನರ್ ಹಿಡಿದು ಕಾರಿನ ಕೋಡ್ ಓದುವುದನ್ನು ನೋಡಿದರು. ಕಾರಿಗೆ ಆಗುವುದಾದರೆ ರೋಗಿಗೆ ಯಾಕೆ ಬೇಡ ಅನ್ನುವುದು ಅವರ ಪ್ರಶ್ನೆ. ಅಲ್ಲಿಂದ ಅದು ಆ ದೇಶದ ಮಾಜಿ ಸೈನಿಕರ ಆಸ್ಪತ್ರೆಗಳಿಗೆಲ್ಲ ಹರಡಿತು. ಇದು ಮೇಲಿನವರು ನಮ್ಮ ತಲೆಗೆ ಕಟ್ಟಿದ್ದಲ್ಲ, ನಮ್ಮದೇ ಕೆಲಸದಿಂದ ಹುಟ್ಟಿದ್ದು ಅಂತ ಶಿಫ್ಟ್ ಬದಲಾಗುವಾಗಿನ ಹ್ಯಾಂಡೋವರ್‌ನಲ್ಲಿ ಹೇಳಿದಾಗ ಎಲ್ಲರೂ ಕಿವಿಗೊಟ್ಟು ಕೇಳಿದರು. ಆಮೇಲೆ ಒಂದು ರಾತ್ರಿ, ಅಕ್ಕಪಕ್ಕದ ಬೆಡ್‌ಗಳಲ್ಲಿ ಒಂದೇ ಹೆಸರಿನ ಇಬ್ಬರಿದ್ದಾಗ, ಇನ್ಸುಲಿನ್ ತಪ್ಪು ರೋಗಿಗೆ ಹೋಗುವುದನ್ನು ಸ್ಕ್ಯಾನರ್ ತಡೆಯಿತು. ಆ ಸಿಸ್ಟರ್ ಬೆಳಿಗ್ಗೆ ತಾವಾಗಿಯೇ ಎಲ್ಲರ ಮುಂದೆ ಹೇಳಿದರು. ಅವರಿಗೆ ಯಾರೂ ಒಂದು ಪ್ರಶ್ನೆ ಹಾಕದಂತೆ ನೋಡಿಕೊಂಡೆ. 2010ರಲ್ಲಿ ಎರಿಕ್ ಪೂನ್ ಮತ್ತು ಜೊತೆಯವರು ಬಾರ್‌ಕೋಡ್ ಬಗ್ಗೆ ಮಾಡಿದ ಅಧ್ಯಯನದಲ್ಲಿ, ಔಷಧಿ ಕೊಡುವಾಗ ಆಗುವ ತಪ್ಪುಗಳಲ್ಲಿ ಸಮಯಕ್ಕೆ ಸಂಬಂಧಿಸಿದವು ಬಿಟ್ಟು ಬೇರೆ ತಪ್ಪುಗಳು ಸುಮಾರು 11.5% ಇದ್ದದ್ದು 6.8%ಕ್ಕೆ ಇಳಿದಿದ್ದವು. ಆ ಅಂಕಿ ಮ್ಯಾನೇಜ್‌ಮೆಂಟ್‌ಗೆ ಉಪಯೋಗಕ್ಕೆ ಬಂತು, ವಾರ್ಡ್‌ಗೆ ಆ ಒಂದು ರಾತ್ರಿ ಸಾಕಾಯಿತು.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಹ್ಯಾಂಡೋವರ್ ಅನ್ನು ಮಾತಿನಲ್ಲಿ ಹೇಳಿದರೆ ಅದೇ ಬರೆದುಕೊಳ್ಳುವ ಸಾಫ್ಟ್‌ವೇರ್ ತಂದೆವು, ಆಗಲಿಲ್ಲ. ವಾರ್ಡ್‌ನ ಗಲಾಟೆಯಲ್ಲಿ ಅದು ಔಷಧಿ ಹೆಸರೇ ಬದಲಿಸುತ್ತಿತ್ತು. ಪಕ್ಕದ ಬೆಡ್‌ನವರಿಗೂ ಎಲ್ಲ ಕೇಳಿಸುತ್ತಿತ್ತು. ಅದನ್ನು ಕೆಲವೇ ದಿನಗಳಲ್ಲಿ ನಿಲ್ಲಿಸಿದೆ. ರೋಗಿಗಳ ಮಾನಿಟರ್‌ಗಳ ಅಲಾರಂ ಸರಿಪಡಿಸಿದ್ದು ಮಾತ್ರ ಚೆನ್ನಾಗಿ ಕೈಹಿಡಿಯಿತು. ಶಿಫ್ಟ್ ಶುರುವಿನಲ್ಲಿ ಆಯಾ ರೋಗಿಗೆ ತಕ್ಕಂತೆ ಲಿಮಿಟ್ ಹಾಕುವುದನ್ನು ಡಾಕ್ಟರ್‌ಗಳ ಜೊತೆ ಕೂತು ಗೊತ್ತುಮಾಡಿದೆವು, ಎದೆಗೆ ಅಂಟಿಸುವ ಇಸಿಜಿ ಎಲೆಕ್ಟ್ರೋಡ್ ದಿನಾ ಬದಲಿಸಲು ಶುರು ಮಾಡಿದೆವು. ಸುಮ್ಮನೆ ಕೂಗುವ ಅಲಾರಂ ಅರ್ಧದಷ್ಟು ಕಡಿಮೆಯಾಯಿತು ಅನ್ನಬಹುದು. ಯಂತ್ರದ ಮೇಲೆ ನಮ್ಮವರಿಗೆ ನಂಬಿಕೆ ಬರಲು ಅದೂ ಒಂದು ಕಾರಣ.

ಇಷ್ಟೆಲ್ಲ ಆದ ಮೇಲೆಯೇ ಪೇಪರ್ ಚಾರ್ಟ್ ತೆಗೆದದ್ದು, ಅದೂ ಎಲ್ಲ ಬೆಡ್‌ಗಳಿಗೂ ಒಂದೇ ದಿನ. ಅರ್ಧಂಬರ್ಧ ತೆಗೆದರೆ ಮತ್ತೆ ಎರಡು ಕಡೆ ಬರೆಯುವುದೇ ಗತಿ. ಸಿಸ್ಟಮ್ ಕೈಕೊಟ್ಟರೆ ಇರಲಿ ಅಂತ ಕೆಲವು ಗಂಟೆಗೊಮ್ಮೆ ಪೂರ್ತಿ ಔಷಧಿ ಪಟ್ಟಿ ಬೇರೆ ಕಂಪ್ಯೂಟರ್ ಒಂದರಲ್ಲಿ ತಾನಾಗಿ ಸೇವ್ ಆಗುತ್ತದೆ, ಬೇಕಾದರೆ ಪ್ರಿಂಟ್ ತೆಗೆಯಬಹುದು. ಇದಿಲ್ಲದೆ ಪೇಪರ್ ಮುಟ್ಟಬೇಡಿ.

ಉಳಿದ ಐದನ್ನೂ ಸೇರಿಸಿ ನೂರಕ್ಕೆ ನೂರು ಮಾಡಿ ಅಂತ ಮೇಲಿನಿಂದ ಒತ್ತಡ ಇದೆ. ನಾನು ಒಪ್ಪಿಲ್ಲ. ಅದರಲ್ಲಿ ಹೆಚ್ಚಿನವು ಎಮರ್ಜೆನ್ಸಿಯಲ್ಲಿ ಕೊಟ್ಟ ಇಂಜೆಕ್ಷನ್‌ಗಳು. ಅಲ್ಲೂ ಅಂಕಿಗಾಗಿ ಒತ್ತಾಯಿಸಿದರೆ ಟ್ರಾಲಿಗೆ ಅಂಟಿಸಿದ ಆ ಕಾಪಿ ಬ್ಯಾಂಡ್‌ಗಳು ವಾಪಸ್ ಬರುತ್ತವೆ.